ಬ್ರೆಡ್ಡಿನ ತರಗೆಲೆ

ಅವಳನ್ನು ಎಲ್ಲರೂ ಸದ್ದಮ್ಮ ಎಂದು ಕರೆಯುತ್ತಿದ್ದರು. ಹಾಗೆಂದು ಗಲಾಟೆಯ ಹೆಂಗಸು ಎಂದುಕೊಳ್ಳಬೇಡಿ. ಮಾತು ಕಡಿಮೆ, ನಡಿಗೆ ಬೆಕ್ಕಿನದು. ರೇಡಿಯೋ ನಾಟಕಗಳಿಗೆ, ಮಕ್ಕಳು ಮಲಗುವ ಮುಂಚೆ ಕೇಳುವ ಕಥೆಗಳಿಗೆ ಸದ್ದು ಮಾಡಿಕೊಡುವುದು ಅವಳ ಕೆಲಸ. ಕಥೆಯಲ್ಲಿ ಕುದುರೆ ಓಡಿದರೆ ಅದು ಅವಳ ಕೈಯ ಎರಡು ತೆಂಗಿನ ಚಿಪ್ಪು. ಹಕ್ಕಿ ಹಾರಿದರೆ ಅವಳ ಹಳೆಯ ಚರ್ಮದ ಕೈಗವಸಿನ ಪಟಪಟ. ರಾಜಕುಮಾರಿ ಮಂಚದಿಂದ ಬಿದ್ದರೆ ನಿಜವಾಗಿ ಬೀಳುತ್ತಿದ್ದುದು ದಿಂಬಿನಲ್ಲಿ ಸುತ್ತಿದ ಒಂದು ಕುಂಬಳಕಾಯಿ. ಕೇಳುವವರೆಲ್ಲ ರಾಜಕುಮಾರಿಗೆ ಅಯ್ಯೋ ಎಂದರೇ ಹೊರತು ಕುಂಬಳಕಾಯಿಯನ್ನು ವಿಚಾರಿಸಿದವರಿಲ್ಲ.

ಈ ಕೆಲಸಕ್ಕೆ ಅವಳು ಬಂದದ್ದು ಸಿಟ್ಟಿನ ದೆಸೆಯಿಂದ. ಹರೆಯದಲ್ಲಿ ನಟಿಯಾಗುವ ಆಸೆ ಹೊತ್ತು ಸ್ಟುಡಿಯೋಗೆ ಹೋಗಿದ್ದಳು. ನಿನ್ನ ದನಿಯಲ್ಲಿ ಜೀವವೇ ಇಲ್ಲವಲ್ಲ ಎಂದುಬಿಟ್ಟರು ಅಲ್ಲಿನ ದೊಡ್ಡವರು. ಮುಖ ಊದಿಸಿಕೊಂಡು, ಬಾಗಿಲನ್ನು ಧಡಾರನೆ ಎಳೆದುಕೊಂಡು ಹೊರಟಳು. ಮೆಟ್ಟಿಲ ಹತ್ತಿರ ಹಿಂದಿನಿಂದ ಯಾರೋ ಓಡಿ ಬಂದರು. ಕ್ಷಮೆ ಕೇಳಲಿಕ್ಕಿರಬೇಕು ಎಂದು ಇವಳು ಮೂಗು ಮೇಲೆತ್ತಿ ನಿಂತಳು. ಬಂದವರು ಕೇಳಿದ್ದು, ಆ ಬಾಗಿಲನ್ನು ಇನ್ನೊಮ್ಮೆ ಹಾಗೆಯೇ ಹಾಕಲಾಗುತ್ತದೆಯೇ ಎಂದು. ಹಾಕಿಕೊಟ್ಟಳು. ಕೂದಲು ನರೆಯುವವರೆಗೂ ಅದೇ ಕಟ್ಟಡದಲ್ಲಿ ಹಾಕುತ್ತಲೇ ಉಳಿದಳು.

ಇಂಥವಳಿಗೆ ಕಿವಿಯೇ ಕೈಕೊಟ್ಟಿತು.

ಒಮ್ಮೆಗೇ ಏನಲ್ಲ. ಲೋಕ ಮೆಲ್ಲಮೆಲ್ಲನೆ, ಅವಳಿಗೆ ನೋವಾಗಬಾರದು ಎಂಬಂತೆ, ಹಿಂದೆ ಸರಿಯಿತು. ಮೊದಲು ಫ್ರಿಜ್ಜಿನ ಗುಂಯ್‌ಗುಡುವಿಕೆ ಹೋಯಿತು. ಆಮೇಲೆ ಗಂಡನ ಗೊರಕೆ. ಇದಕ್ಕೆ ಮಾತ್ರ ಅವಳೇನೂ ಬೇಸರಪಡಲಿಲ್ಲ. ಆಮೇಲೆ ಬೀದಿಯ ಸೈಕಲ್ ಗಂಟೆ, ಪಕ್ಕದ ಮನೆಯ ನಲ್ಲಿ, ಬಾಣಲೆಯ ಚುರ್ ಎಂಬುದು. ಮುಖದ ತುಂಬ ರಗ್ಗು ಎಳೆದುಕೊಂಡು ಮಲಗಿದವರಿಗೆ ಮನೆಯವರ ಮಾತು ಕೇಳುವ ಹಾಗೆ ಎಲ್ಲವೂ ದೂರ, ಎಲ್ಲವೂ ಮೆತ್ತಗೆ. ಕನಸಿನಲ್ಲಿ ಮಾತ್ರ ಅವಳ ಕಿವಿ ಸರಿಯಾಗಿಯೇ ಇತ್ತು. ಅಲ್ಲಿ ನೀರು ಜುಳುಜುಳು ಎನ್ನುತ್ತಿತ್ತು, ರೇಷ್ಮೆ ಸರಸರ ಎನ್ನುತ್ತಿತ್ತು, ಯಾರೋ ಕಾಗದವನ್ನು ಉದ್ದಕ್ಕೆ ಹರಿಯುತ್ತಲೇ ಇರುತ್ತಿದ್ದರು. ಬೆಳಗಾದರೆ ಏಳಲು ಮನಸ್ಸೇ ಬರುತ್ತಿರಲಿಲ್ಲ. ಎಚ್ಚರವಾದ ಮೇಲೂ ಕಣ್ಣುಮುಚ್ಚಿ, ಹೋಗುತ್ತಿರುವ ಸದ್ದಿನ ಬಾಲ ಹಿಡಿದುಕೊಂಡು ಸ್ವಲ್ಪ ಹೊತ್ತು ಬಿದ್ದಿರುತ್ತಿದ್ದಳು.

ಯಾರಿಗೂ ಹೇಳಲಿಲ್ಲ. ಗಂಡನಿಗೆ ಕೂಡ. ತಂಗಿ ಏನಾದರೂ ಕೇಳಿ ಇವಳು ಉತ್ತರ ಕೊಡದಿದ್ದಾಗ, ಅಕ್ಕನದು ಜಾಣಕಿವುಡು ಎಂದು ಅವಳು ನಗುತ್ತಿದ್ದಳು. ಅದನ್ನೇ ಗುರಾಣಿ ಮಾಡಿಕೊಂಡು ಸದ್ದಮ್ಮ ದಿನ ತಳ್ಳಿದಳು. ಸ್ಟುಡಿಯೋದಲ್ಲಿ ಹೆಡ್‌ಫೋನಿನ ಗುಂಡಿಯನ್ನು ಕದ್ದು ಕದ್ದು ಏರಿಸಿದಳು. ಒಂದು ದಿನ ಗುಂಡಿ ಕೊನೆಗೆ ಬಂದು ನಿಂತಿತು, ಮುಂದೆ ತಿರುಗಲಿಲ್ಲ.

ಆಗಲೇ ತರಗೆಲೆಯ ಕಥೆ ಬಂದದ್ದು. ಕಥೆಯ ಮುದುಕಿ ಒಬ್ಬಳು ಮರಗಳ ಕೆಳಗೆ ತರಗೆಲೆಗಳನ್ನು ತುಳಿಯುತ್ತ ಮನೆಗೆ ಮರಳುತ್ತಾಳೆ. ಮಾತಿಲ್ಲ, ಸಂಗೀತವಿಲ್ಲ. ಅವಳು ದಣಿದಿದ್ದಾಳೆ, ಆದರೂ ಅವಳಿಗೆ ಸಂತೋಷವಾಗಿದೆ ಎಂಬುದು ಹೆಜ್ಜೆಯಲ್ಲೇ ತಿಳಿಯಬೇಕು. ನಿಜವಾದ ಎಲೆ ತಂದರಾಯಿತಲ್ಲ ಎನ್ನುತ್ತೀರೇನೋ. ಮೈಕಿನ ಮುಂದೆ ನಿಜವಾದ ಎಲೆ ಬಿಸ್ಕತ್ತಿನ ಪೊಟ್ಟಣದಂತೆ ಕೇಳಿಸುತ್ತದೆ. ಸುಳ್ಳು ಎಲೆಯೇ ನಿಜವೆನ್ನಿಸುತ್ತದೆ. ಸದ್ದಮ್ಮ ಇಷ್ಟು ಕಾಲ ಬಳಸುತ್ತಿದ್ದದ್ದು ಹಳೆಯ ಕ್ಯಾಸೆಟ್ ಟೇಪಿನ ಒಂದು ಮುದ್ದೆ. ಅದನ್ನು ಹಿಸುಕಿ ಹಿಸುಕಿ ತೋರಿಸಿದಳು. ಮೆತ್ತಗೆ ಹಿಸುಕಿದ್ದು ಅವಳಿಗೇ ಕೇಳಿಸದಿದ್ದುದರಿಂದ ಕೈ ತಾನಾಗಿ ಬಿಗಿಯಾಯಿತು. ನಾಟಕ ಮಾಡಿಸುವವರನ್ನು ಅಲ್ಲಿ ಮೇಷ್ಟ್ರು ಎನ್ನುತ್ತಿದ್ದರು, ಎಲ್ಲರ ತಪ್ಪನ್ನೂ ತಿದ್ದುವ ಚಾಳಿಯವರು. ಅವರು ಹುಬ್ಬು ಗಂಟಿಕ್ಕಿ, ಇದು ಮುದುಕಿಯಲ್ಲ, ಬೂಟು ಹಾಕಿದ ಸಿಪಾಯಿ ಎಂದರು. ನಾಳೆಗೂ ಸರಿಹೋಗದಿದ್ದರೆ ಚಿಂತೆಯಿಲ್ಲ, ಕಂಪ್ಯೂಟರಿನಲ್ಲಿ ಸಿದ್ಧ ಸದ್ದುಗಳಿವೆ, ಗುಂಡಿ ಒತ್ತಿದರೆ ಮುಗಿಯಿತು ಎಂದೂ ಸೇರಿಸಿದರು. ಅದೃಷ್ಟಕ್ಕೆ ಇವಳ ಮುಖ ನೋಡಿಯೇ ಹೇಳಿದ್ದರಿಂದ ತುಟಿ ನೋಡಿ ತಿಳಿದುಕೊಂಡಳು. ಇವತ್ತು ತರಗೆಲೆ ಗುಂಡಿಯಿಂದ ಬಂದರೆ ನಾಳೆ ಕುದುರೆ ಬರುತ್ತದೆ, ನಾಡಿದ್ದು ಬಾಗಿಲು. ಆಮೇಲೆ ಇವಳನ್ನು ಇಟ್ಟುಕೊಂಡು ಯಾರಿಗೇನು ಕೆಲಸ?

ಮನೆಗೆ ಬರುವ ದಾರಿಯಲ್ಲಿ ನೆನಪಾದದ್ದು ಕ್ರೂಟಾನ್, ಸೂಪಿಗೆ ಹಾಕುವ ಹುರಿದ ಬ್ರೆಡ್ಡಿನ ತುಣುಕು. ತಂಗಿ ಮಿಕ್ಸಿ, ಕುಕ್ಕರು ಮಾರುವ ಅಂಗಡಿಯಲ್ಲಿದ್ದವಳು. ಹಿಂದೆ ಬಿಸಿಗಾಳಿಯಲ್ಲೇ ಹುರಿಯುವ ಒಂದು ಏರ್ ಫ್ರೈಯರನ್ನು ತಂದು ಅಕ್ಕನ ಅಡುಗೆಮನೆಯಲ್ಲಿ ಕೂರಿಸಿ, ಎಣ್ಣೆ ಬೇಡ, ಬಾಣಲೆ ಬೇಡ ಎಂದು ಅಂಗಡಿಯ ಭಾಷಣವನ್ನು ಮನೆಯಲ್ಲೂ ಬಿಗಿದು, ಹಳೆಯ ಬ್ರೆಡ್ಡನ್ನು ತುಣುಕು ಮಾಡಿ ಹುರಿದು ಸೂಪಿನ ಮೇಲೆ ಉದುರಿಸಿಕೊಟ್ಟಿದ್ದಳು. ಆಗ ಸದ್ದಮ್ಮನ ಕಿವಿ ಚೆನ್ನಾಗಿತ್ತು. ಆ ತುಣುಕುಗಳನ್ನು ಬಟ್ಟಲಿಗೆ ಸುರಿದಾಗ, ಬೆರಳಲ್ಲಿ ಒಂದನ್ನು ಒತ್ತಿದಾಗ ಬಂದ ಸದ್ದನ್ನು ಅವಳು ಸುಮ್ಮನೆ ಒಳಗೆ ಎತ್ತಿಟ್ಟುಕೊಂಡಿದ್ದಳು. ಬೇರೆ ಹೆಂಗಸರು ರುಚಿ ನೆನಪಿಡುತ್ತಾರೆ, ಇವಳದು ಇದೇ ಹುಚ್ಚು.

ಮಾರನೆಯ ದಿನ ಸಂಜೆಗೆ ರೆಕಾರ್ಡಿಂಗು. ಮಧ್ಯಾಹ್ನ ಅಡುಗೆಮನೆಯಲ್ಲಿ ಕಿಟಕಿಯ ಬಿಸಿಲು ಕಟ್ಟೆಯ ಮೇಲೆ ಚೌಕಾಕಾರವಾಗಿ ಬಿದ್ದಿತ್ತು. ಅದರೊಳಗೆ ನಿಂತು ಹಿಂದಿನ ದಿನದ ಬ್ರೆಡ್ಡನ್ನು ಹೆಚ್ಚಿದಳು. ಹೊಸ ಬ್ರೆಡ್ಡು ಚಾಕುವಿನ ಕೆಳಗೆ ಮುದುಡುತ್ತದೆ, ಹಳೆಯದು ನೇರ ನಿಲ್ಲುತ್ತದೆ. ಬೆರಳಗಲದ ತುಣುಕುಗಳು, ಅಂಚು ಬೇರೆ, ನಡುವಿನದು ಬೇರೆ. ತಂಗಿಯಾಗಿದ್ದರೆ ಬೆಣ್ಣೆ, ಬೆಳ್ಳುಳ್ಳಿ, ಮೆಣಸಿನ ಪುಡಿ ಎಲ್ಲ ಸವರುತ್ತಿದ್ದಳು. ಬೆಣ್ಣೆ ತಿನ್ನುವವರಿಗೆ ಸರಿ, ಆದರೆ ಸದ್ದನ್ನು ಮಂಕು ಮಾಡುತ್ತದೆ. ಇವಳು ಒಣದಾಗಿಯೇ ಫ್ರೈಯರಿನ ಬುಟ್ಟಿಗೆ ಹಾಕಿದಳು, ಒಂದರ ಮೇಲೊಂದು ಬೀಳದಂತೆ ಹರಡಿ. ಯಂತ್ರದೊಳಗೆ ಕೆಂಪು ಗಾಳಿ ಸುತ್ತತೊಡಗಿತು. ಸದ್ದಿಲ್ಲದ ಆ ಗಾಳಿಯನ್ನು ಕನಸಿನಂತೆ ನೋಡುತ್ತ ನಿಂತಳು.

ನಡುವೆ ಬುಟ್ಟಿ ಎಳೆದು ಕುಲುಕಬೇಕು. ಕುಲುಕಿದಳು. ಕಿವಿಯ ಹತ್ತಿರ ತಂದು ಕುಲುಕಿದಳು. ಏನೂ ಇಲ್ಲ. ಇನ್ನೂ ಮೆತ್ತಗಿದೆ ಎಂದು ಮತ್ತೆ ಒಳಗೆ ತಳ್ಳಿದಳು. ಮತ್ತೆ ತೆಗೆದು ಕುಲುಕಿದಳು, ಮತ್ತೆ ತಳ್ಳಿದಳು. ಹೊಂಬಣ್ಣದ್ದು ಕಂದಾಯಿತು, ಕಂದು ಕಪ್ಪಿಗೆ ತಿರುಗಿತು. ಅದನ್ನು ಬದಿಗೆ ಸುರಿದು ಹೊಸ ತುಣುಕು ಹಾಕಿದಳು. ಅದರದೂ ಅದೇ ಗತಿ. ಬಾಯಿಗೆ ಹಾಕಿ ನೋಡಿದ್ದರೆ ಮುಗಿಯುತ್ತಿತ್ತು. ಎಂಥ ದಡ್ಡರಿಗೂ ಹೊಳೆಯುವ ಸಂಗತಿ. ಆದರೆ ಜೀವಮಾನವೆಲ್ಲ ಕುಂಬಳಕಾಯಿಯನ್ನೂ ಕಿವಿಯಿಂದಲೇ ಪರೀಕ್ಷೆ ಮಾಡಿದವಳಿಗೆ ಬ್ರೆಡ್ಡು ತಿನ್ನುವ ವಸ್ತು ಎಂಬುದೇ ಮರೆತುಹೋಗಿತ್ತು.

ಕಾಲಕೆಳಗಿನ ನೆಲ ಸಣ್ಣಗೆ ಅದುರಿತು. ತಿರುಗಿ ನೋಡಿದರೆ ಗಂಡ. ಸ್ಕೂಲ್ ಬಸ್ಸು ಓಡಿಸುವವನು, ಬೆಳಗಿನ ಸುತ್ತು ಮುಗಿಸಿ, ಸಂಜೆಯ ಸುತ್ತಿಗೆ ಮುಂಚೆ ಮನೆಗೆ ಬಂದು ಕುರ್ಚಿಯಲ್ಲಿ ಕಾಲು ಚಾಚುವುದು ಅವನ ರೂಢಿ. ಈಗ ಎದುರಿಗೆ ಬಂದು ನಿಂತು ಸುಟ್ಟ ರಾಶಿಯನ್ನು ನೋಡಿದ, ಅವಳನ್ನು ನೋಡಿದ.

"ಮೊದಲ್ನೇ ಸಲವೇ ಗರಿಗರಿ ಆಗಿತ್ತು ಕಣೇ. ನಂಗೆ ಕುರ್ಚಿವರೆಗೂ ಕೇಳಿಸ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನೇ ಹೇಳ್ತೀಯೇನೋ ಅಂತ ಕಾಯ್ತಿದ್ದೆ."

ಅವನು ಹೇಳುತ್ತಿರುವುದು ಬ್ರೆಡ್ಡಿನ ವಿಷಯವಲ್ಲ ಎಂದು ತಿಳಿಯಲು ಅವಳಿಗೆ ತುಸು ಹೊತ್ತು ಹಿಡಿಯಿತು. ಆಮೇಲೆ ಒಂದೊಂದೇ ತಿಳಿಯಿತು. ಇತ್ತೀಚೆಗೆ ಅವನು ಬರುವಾಗ ನೆಲ ಅದುರುವಂತೆ ಕಾಲೂರುವುದು, ಇವಳು ಬೆಚ್ಚಬಾರದೆಂದು. ಏನಾದರೂ ಹೇಳಬೇಕಾದರೆ ಮೇಜು ಸುತ್ತಿ ಬಂದು ಎದುರು ಕೂರುವುದು, ಗಡ್ಡ ಮೀಸೆ ಬೋಳಿಸಿಕೊಂಡದ್ದು ಕೂಡ, ತುಟಿ ಕಾಣಲೆಂದು. ವಯಸ್ಸಾದ ಮೇಲೆ ಗಂಡನಿಗೆ ಪ್ರೀತಿ ಉಕ್ಕಿದೆ ಎಂದುಕೊಂಡಿದ್ದಳು ಇವಳು. ಅದೂ ತಪ್ಪಲ್ಲವೆನ್ನಿ. ಗುಟ್ಟು ರಟ್ಟಾದ ನಾಚಿಕೆ, ತಾನು ಹೇಳುವ ಮೊದಲೇ ತಿಳಿದುಕೊಂಡನಲ್ಲ ಎಂಬ ಸಿಟ್ಟು, ಇಷ್ಟು ದಿನ ಒಬ್ಬಳೇ ಹೆದರಿದ್ದು ದಂಡವಾಯಿತಲ್ಲ ಎಂಬ ದುಃಖ, ಎಲ್ಲ ಒಟ್ಟಿಗೆ ನುಗ್ಗಿ ಬಂದವು. ಗಂಡನ ಎದುರು ಅಳಬಾರದೆಂದು ಕೈಗೆ ಸಿಕ್ಕಿದ ಒಂದು ತುಣುಕನ್ನು ಬಾಯಿಗೆ ತುರುಕಿ ಗಟ್ಟಿಯಾಗಿ ಕಚ್ಚಿದಳು.

ಕರಕ್!

ತಲೆಯ ತುಂಬ ಅದೇ. ಒಣ ಕೊಂಬೆಯೊಂದು ಕಿವಿಯೊಳಗೇ ಮುರಿದ ಹಾಗೆ. ಅಗಿದಳು. ಕರಕರ, ಕುರುಕುರು, ಪುಡಿಯಾಗುವಾಗ ಸರಸರ. ಕನಸಿನಲ್ಲಿ ಕೇಳುತ್ತಿದ್ದಷ್ಟು ಸ್ವಚ್ಛವಾಗಿ, ಬಿಸಿಲಲ್ಲಿ, ಎಚ್ಚರದಲ್ಲಿ. ಮಿಸುಕದೆ ನಿಂತುಬಿಟ್ಟಳು. ಮತ್ತೊಂದು ಕಚ್ಚಿದಳು. ಅಳು ಬಂದೇ ಬಂತು, ಅಳುತ್ತಲೇ ಅಗಿದಳು. ಗಂಡ ಗಾಬರಿಯಾಗಿ ಹಲ್ಲು ಮುರಿಯಿತೇ ಎಂದು ಕೇಳಿದ.

"ಕೇಳಿಸ್ತಿದೆ ಕಣ್ರೀ. ಹಲ್ಲಿಂದ ಕೇಳಿಸ್ತಿದೆ."

ಹಾಗಾದರೆ ಒಳಗಿನ ಕಿವಿ ಚೆನ್ನಾಗಿಯೇ ಇದೆ, ಹೊರಗಿನ ದಾರಿ ಎಲ್ಲೋ ಕಟ್ಟಿಕೊಂಡಿರಬೇಕು, ಬಸ್ಸಿನ ಎಂಜಿನ್ನಿಗೂ ಹೀಗಾಗುವುದುಂಟು ಎಂದು ಅವನು ತೀರ್ಪು ಕೊಟ್ಟ. ಕಿವಿ ಡಾಕ್ಟರ ಹತ್ತಿರ ನಾಳೆಯೇ ಹೋಗೋಣ ಎಂದ. ಡಾಕ್ಟರು ಏನೆನ್ನುವರೋ, ಅದು ನಾಳೆಯ ಮಾತು, ತರಗೆಲೆ ಇಂದಿನದು. ಇನ್ನೊಂದು ಬುಟ್ಟಿ ಹಾಕಿದರು. ಈ ಬಾರಿ ಗಂಡ ಕಾವಲು ನಿಂತು, ಆಯಿತು ಎಂದ ಕೂಡಲೇ ತೆಗೆದರು. ಬಿಸಿಯಾಗಿರುವಾಗ ತುಸು ಮೆತ್ತಗಿದ್ದದ್ದು ಆರಿದ ಮೇಲೆ ಇನ್ನಷ್ಟು ಗರಿಗರಿಯಾಯಿತು. ಹರಡಲು ಎರಡೂ ಕೈಯಲ್ಲಿ ತಟ್ಟೆ ಹಿಡಿದವಳು, ಕೆದಕುತ್ತಿದ್ದ ಮರದ ಸೌಟನ್ನು ಇಡಲು ಜಾಗವಿಲ್ಲದೆ ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಸೌಟಿನ ತುದಿ ತಟ್ಟೆಗೆ ತಾಗಿತು. ತುಣುಕುಗಳು ಉರುಳುವ ಸದ್ದು ಸೌಟಿನಗುಂಟ ಹತ್ತಿ ಬಂದು ಅವಳ ತಲೆಯೊಳಗೆ ಚೆಲ್ಲಿತು. ಅವಳು ಸೌಟು ಬಿಡಲೇ ಇಲ್ಲ. ಗಂಡ ಸಂಜೆಯ ಬಸ್ಸಿಗೆ ಹೊರಡುವವರೆಗೂ ತಟ್ಟೆಯ ಮೇಲೆ ಬೆರಳಲ್ಲಿ ನಡೆದಳು.

ಸ್ಟುಡಿಯೋದ ಒಳಗೆ ನಿಂತಾಗ ಮಾತ್ರ ಧೈರ್ಯ ಜಾರಿತು. ಡಬ್ಬಿಯಿಂದ ತುಣುಕುಗಳನ್ನು ತಟ್ಟೆಗೆ ಸುರಿದು ಮೈಕಿನ ಕೆಳಗಿಟ್ಟಳು. ಗಾಜಿನ ಆಚೆ ಮೇಷ್ಟ್ರು, ಅವರ ಪಕ್ಕದಲ್ಲಿ ರೆಕಾರ್ಡಿಂಗಿನವನು. ಸೌಟು ಚೀಲದಲ್ಲೇ ಇತ್ತು. ಅದನ್ನು ಹೊರತೆಗೆದರೆ, ಯಾಕೆ ಎಂಬ ಪ್ರಶ್ನೆ ಬರುತ್ತದೆ. ಉತ್ತರ ಹೇಳಿದ ಮೇಲೆ ಕಿವಿ ಕೇಳದವಳಿಗೆ ಸದ್ದಿನ ಕೆಲಸ ಯಾರು ಕೊಡುತ್ತಾರೆ? ತೆಗೆಯದಿದ್ದರೆ, ಮುದುಕಿ ಮತ್ತೆ ಸಿಪಾಯಿಯಾಗುತ್ತಾಳೆ. ನೆನಪಿನ ಮೇಲೆ ಮಾಡಿಬಿಡೋಣ ಎಂದು ಕೈ ಚಾಚಿ, ಹಿಂದಕ್ಕೆಳೆದುಕೊಂಡಳು. ಆ ಮುದುಕಿ ಸಂತೋಷದಿಂದ ಮನೆಗೆ ಹೋಗುತ್ತಿದ್ದಾಳೆ. ತನ್ನ ಭಯಕ್ಕಾಗಿ ಅವಳ ನಡಿಗೆ ಕೆಡಿಸುವುದು ಸದ್ದಮ್ಮನಿಗೆ ಆಗಲಿಲ್ಲ.

ಸೌಟು ತೆಗೆದು ಹಲ್ಲಿನಲ್ಲಿ ಕಚ್ಚಿ, ತುದಿಯನ್ನು ತಟ್ಟೆಯ ಅಂಚಿಗೆ ಊರಿ ಬಾಗಿದಳು. ರೆಕಾರ್ಡಿಂಗಿನವನು ಬಾಯಿಗೆ ಕೈ ಅಡ್ಡ ಹಿಡಿದದ್ದು ಕಂಡಿತು. ಕೆಂಪು ದೀಪ ಹತ್ತಿತು. ಕಣ್ಣು ಮುಚ್ಚಿದಳು.

ಅಂಗೈಯ ಬುಡವನ್ನು ತುಣುಕುಗಳ ಮೇಲೆ ಮೆಲ್ಲನೆ ಒತ್ತಿದಳು, ಮೊದಲು ಹಿಮ್ಮಡಿ, ಆಮೇಲೆ ಬೆರಳು. ಎಲೆ ಮುರಿಯಿತು. ಇನ್ನೊಂದು ಹೆಜ್ಜೆ, ತುಸು ಎಳೆದು, ಎಡಗಾಲು ನೋಯುವವರ ಹಾಗೆ. ಮರಗಳು ಬಂದವು. ಬಿಸಿಲು ಎಲೆಗಳ ನಡುವೆ ತೂರಿ ಬಂತು. ಮುದುಕಿ ಒಂದು ಕಡೆ ನಿಂತು ಉಸಿರು ತೆಗೆದುಕೊಂಡಳು. ಸದ್ದಮ್ಮ ಕೈಯನ್ನು ಅಷ್ಟಕ್ಕೇ ತಡೆದಳು. ನಿಂತ ಕಾಲಿನ ಕೆಳಗೆ ಒಂದೇ ಒಂದು ಎಲೆ ತಡವಾಗಿ ಚಿಟ್ ಎಂದಿತು. ಆಮೇಲೆ ಹೆಜ್ಜೆಗಳು ಹತ್ತಿರ ಹತ್ತಿರ ಬಿದ್ದವು, ಹಗುರಾದವು, ಮನೆ ಕಂಡವರ ಹೆಜ್ಜೆಗಳು. ಅವಳು ಎಲ್ಲವನ್ನೂ ಕೇಳಿದಳು.

ಕಣ್ಣು ತೆರೆದಾಗ ಮೇಷ್ಟ್ರು ಒಳಗೆ ಬಂದು ನಿಂತಿದ್ದರು. ತುಟಿಗಳು ಆಡುತ್ತಿದ್ದವು, ತಲೆ ತಗ್ಗಿಸಿದ್ದರಿಂದ ಏನೂ ತಿಳಿಯಲಿಲ್ಲ. ಅವಳು ಸೌಟನ್ನು ಕೈಗೆ ತೆಗೆದುಕೊಂಡಳು.

"ನಂಗೆ ಕಿವಿ ಕೇಳ್ಸಲ್ಲ ಮೇಷ್ಟ್ರೇ. ತುಂಬಾ ದಿನ ಆಯ್ತು. ಇದನ್ನ ಕಚ್ಚಿಕೊಂಡ್ರೆ ಮಾತ್ರ ಕೇಳ್ಸುತ್ತೆ."

ಮೇಷ್ಟ್ರು ತಲೆಯೆತ್ತಿ ಅವಳನ್ನು ನೋಡಿದರು. ತಟ್ಟೆಯ ಪುಡಿಯನ್ನು ನೋಡಿದರು. ಮುಗಿಯಿತು ಎಂದುಕೊಂಡಳು ಅವಳು. ಡಬ್ಬಿಯ ಮುಚ್ಚಳ ಹುಡುಕಿದಳು. ಅವರು ಅವಳ ಕೈಯಲ್ಲಿದ್ದ ಸೌಟನ್ನು ಮುಟ್ಟಿ, ಮತ್ತೆ ಕಚ್ಚಿಕೊಳ್ಳುವಂತೆ ಸನ್ನೆ ಮಾಡಿದರು. ಕಚ್ಚಿಕೊಂಡಳು. ಯಾರಿಗೂ ತಲೆಬಾಗದ ಆ ಮನುಷ್ಯ ಸೊಂಟ ಬಗ್ಗಿಸಿ, ಸೌಟಿನ ಇನ್ನೊಂದು ತುದಿಯನ್ನು ತಮ್ಮ ದವಡೆಗೆ ಒತ್ತಿಕೊಂಡರು. ಅವರ ಗೊಗ್ಗರು ದನಿ, ಅವಳು ಮರೆತೇಬಿಟ್ಟಿದ್ದ ದನಿ, ಮರದೊಳಗಿಂದ ನಡೆದು ಬಂತು.

"ನಾಡಿದ್ದಿನ ಕಥೆಗೆ ಮಳೆ ಬೇಕು, ಸದ್ದಮ್ಮ. ಜೋರು ಮಳೆ ಅಲ್ಲ, ಸಣ್ಣದು. ಮಾಡ್ತೀರಲ್ಲ?"