ಗಾಡಿ ಮಾರಲು ಊಟಿಗೆ ಹೋದದ್ದು

ಮೈಸೂರಿನ ಶ್ರೀರಾಂಪುರದ ನಮ್ಮ ಮನೆ ಬಿಟ್ಟಾಗ ಬೆಳಗಿನ ಆರೂವರೆ. ಜುಲೈ ತಿಂಗಳ ಜಿಟಿಜಿಟಿ ಮಳೆ. ಊಟಿ ನನಗೆ ಹೊಸದಲ್ಲ. ಮೇಷ್ಟ್ರಮ್ಮನಾಗಿದ್ದ ಕಾಲದಲ್ಲಿ ಶಾಲೆಯ ಮಕ್ಕಳನ್ನು ಕಟ್ಟಿಕೊಂಡು ಹೋಗಿ ಬಂದಿದ್ದೇನೆ. ಈ ಸಲ ಹೊರಟದ್ದು ಹೂವಿನ ತೋಟ ನೋಡುವುದಕ್ಕಲ್ಲ, ನಮ್ಮ ಗಾಡಿಯನ್ನು ಮಾರಿ ಕೈ ತೊಳೆದುಕೊಂಡು ಬರುವುದಕ್ಕೆ. ಹೋಗುವುದು ಗಾಡಿಯಲ್ಲಿ, ಬರುವುದು ಸರ್ಕಾರಿ ಬಸ್ಸಿನಲ್ಲಿ. ಮರುದಿನ ಮಧ್ಯಾಹ್ನದ ಬಸ್ಸಿಗೆ ನಾನೇ ಮೊಬೈಲಿನಲ್ಲಿ ಎರಡು ಸೀಟು ಕಾದಿರಿಸಿದ್ದೆ. ಒಂದು ಕಿಟಕಿ ಪಕ್ಕದ್ದು, ಅದು ನನಗೆ. ಇಷ್ಟು ಖುಷಿ ಕೊಟ್ಟ ಟಿಕೆಟ್ಟು ಈಚೆಗೆ ಇನ್ನೊಂದಿರಲಿಲ್ಲ.

ಗಾಡಿಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಜಪಾನಿನದು, ಇಂಜಿನ್ನಿನ ಎಳೆತ ನಾಲ್ಕೂ ಚಕ್ರಕ್ಕೆ ಹೋಗುವಂಥದ್ದು, ಇಪ್ಪತ್ತು ವರ್ಷ ದಾಟಿದೆ. ನಮ್ಮ ಮನೆಯವರು ನೀರಾವರಿ ಕಚೇರಿಯಲ್ಲಿ ಇದ್ದಾಗ ನಾಲೆ ಏರಿಯ ಮೇಲೆ ಓಡಾಡಲು ಬೇಕೆಂದು ಮೂರನೆಯ ಕೈಯಿಂದ ಕೊಂಡರು. "ಎಂಥಾ ಕೆಸರಲ್ಲೂ ಹೂತ್ಕೊಳ್ಳಲ್ಲ ಕಣೇ" ಎಂದು ಊರಿಗೆಲ್ಲ ಹೇಳಿದರು. ನಿಜ, ಕೆಸರಿನಲ್ಲಿ ಒಂದು ದಿನವೂ ಹೂತುಕೊಳ್ಳಲಿಲ್ಲ. ನಿಂತದ್ದೆಲ್ಲ ಒಳ್ಳೆಯ ಟಾರು ರಸ್ತೆಯಲ್ಲೇ. ಒಂದು ರಬ್ಬರ್ ಬುಶ್ ಹೋದರೆ ಕೊಚ್ಚಿಯಿಂದ ಬರಬೇಕು, ಅಲ್ಲಿಲ್ಲದಿದ್ದರೆ ದೆಹಲಿಯಿಂದ. ಅದು ಬರುವವರೆಗೆ ಗಾಡಿ ಗ್ಯಾರೇಜಿನಲ್ಲಿ, ಬಂದ ಮೇಲೆ ನಮ್ಮ ಭಾನುವಾರಗಳು ಗ್ಯಾರೇಜಿನಲ್ಲಿ. ಬನ್ನೂರು ರಸ್ತೆ, ಹುಣಸೂರು ರಸ್ತೆ, ಎಲ್ಲ ಕಡೆಯ ಮೈಲಿಗಲ್ಲುಗಳ ಮೇಲೂ ನಾನು ಕೂತಿದ್ದೇನೆ.

ಮಾರ್ಚಿನಲ್ಲಿ ತಂಗಿಯ ಮಗಳ ಮದುವೆಗೆ ಹೊರಟು ದಾರಿಯಲ್ಲೇ ನಿಂತು, ಧಾರೆ ಮುಗಿದ ಮೇಲೆ ಹೋಗಿ ಎಂಜಲೆಲೆ ನೋಡಿಕೊಂಡು ಬಂದೆವು. ಅವತ್ತು ನಾನು ಕೂಗಾಡಲಿಲ್ಲ. "ನನಗೆ ಸಾಕಾಗೋಗಿದೆ ರೀ. ಇನ್ನು ಕೈಲಾಗಲ್ಲ" ಎಂದಷ್ಟೇ ಹೇಳಿದೆ. ಇಂಥ ಹಳೆಯ ಗಾಡಿಗಳನ್ನು ಇಟ್ಟುಕೊಂಡವರದ್ದೇ ಒಂದು ಗುಂಪು ನಮ್ಮ ಮನೆಯವರ ಮೊಬೈಲಿನಲ್ಲಿದೆ. ಜೂನ್ ಕೊನೆಯ ಹೊತ್ತಿಗೆ ಅದರಲ್ಲಿ ಗಿರಾಕಿಯನ್ನು ಅವರೇ ಹುಡುಕಿ, "ಊಟಿ ಹತ್ರದವರು, ಗಾಡಿ ಅಲ್ಲಿಗೇ ತರಬೇಕಂತೆ" ಎಂದರು. ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ.

ನಂಜನಗೂಡಿನಲ್ಲಿ ತಿಂಡಿಗೆ ನಿಲ್ಲಿಸಿದೆವು. ಇಡ್ಲಿ ಬಿಸಿಯಾಗಿತ್ತು, ಚಟ್ನಿ ನೀರು. ದೇವಸ್ಥಾನದ ಕಡೆ ತಿರುಗಿ ಅವರು ಗಾಡಿಗೂ ಸೇರಿಸಿ ಕೈ ಮುಗಿದರು. "ಗಾಡಿ ಮಾರಕ್ಕೆ ಹೋಗ್ತಿದ್ದೀರೋ, ಹೆಣ್ಣು ಒಪ್ಪಿಸಕ್ಕೆ ಹೋಗ್ತಿದ್ದೀರೋ?" ಎಂದು ರೇಗಿಸಿದೆ. ನಗಲಿಲ್ಲ. ಅವರು ಕಾಫಿ ತರಲು ಹೋದಾಗ ಸುಮ್ಮನೆ ಗಾಡಿಯ ಸುತ್ತ ಒಂದು ಸುತ್ತು ಬಂದೆ. ಮುಂದಿನ ಎರಡು ಟೈರು ಕರ್ರಗೆ ಹೊಸವು, ಹಿಂದಿನವು ಸವೆದು ನುಣ್ಣಗಾದವು. ಬಗ್ಗಿ ಎರಡನ್ನೂ ಕೈಯಿಂದ ಮುಟ್ಟಿ ನೋಡಿದೆ.

ಈ ಜಾತಿಯ ಗಾಡಿಗೆ ಟೈರು ಹಾಕಿಸಿದರೆ ನಾಲ್ಕನ್ನೂ ಒಟ್ಟಿಗೇ ಹಾಕಿಸಬೇಕು. ಎರಡು ಹೊಸದು, ಎರಡು ಹಳೆಯದು ಆದರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಅಳತೆ ಕೊಂಚ ಬೇರೆಯಾಗುತ್ತದೆ. ಆಗ ಎರಡನ್ನೂ ಜೋಡಿಸುವ ನಡುವಿನ ಪೆಟ್ಟಿಗೆ ಒಳಗೊಳಗೇ ಜಗ್ಗಾಡಿ ಕಾದು ಹಾಳಾಗುತ್ತದೆ. ಇದು ನಾನು ಓದಿ ಕಲಿತದ್ದಲ್ಲ. ನಮ್ಮ ಮನೆಗೆ ಊಟಕ್ಕೆ ಬಂದ ನೆಂಟರಿಗೆಲ್ಲ ಅವರು ಪಾಯಸಕ್ಕೆ ಮೊದಲು ಹೇಳುತ್ತಿದ್ದ ಪಾಠ, ಕೇಳಿ ಕೇಳಿ ನನಗೆ ಬಾಯಿಗೆ ಬಂದಿತ್ತು.

"ರೀ, ಏನ್ರೀ ಇದು? ನೀವೇನಾ ಹಾಕಿಸಿದ್ದು?"

"ಆ ಅಳತೇದು ಮೈಸೂರಲ್ಲಿ ಎರಡೇ ಸಿಕ್ಕಿದ್ದು. ಇನ್ನೆರಡು ಬರಕ್ಕೆ ಹದಿನೈದು ದಿನ ಅಂದ್ರು. ಮಳೇಲಿ ಹಳೇ ಟೈರಲ್ಲಿ ಘಾಟಿ ಹತ್ತಕ್ಕೆ ಭಯ ಆಯ್ತು."

"ಹದಿನೈದು ದಿನ ಕಾದಿದ್ರೆ ಗಂಟೇನು ಹೋಗ್ತಿತ್ತು?"

"ನೀನು ಕಾದಿದ್ದು ಸಾಕು ಅನ್ನುಸ್ತು" ಎಂದು ಕಾಫಿಯ ಲೋಟ ನನ್ನ ಕೈಗೆ ಕೊಟ್ಟರು. ಕಾಫಿ ಕುಡಿದೆ.

ಗುಂಡ್ಲುಪೇಟೆಯ ಆಚೆ ರಸ್ತೆಯ ಎರಡೂ ಕಡೆ ಸೂರ್ಯಕಾಂತಿ ಅರಳಿ ನಿಂತಿತ್ತು. ಜನ ಮಳೆಯಲ್ಲೇ ಕೊಡೆ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾವು ನಿಲ್ಲಲಿಲ್ಲ. ನಿಂತರೆ ಮತ್ತೆ ಹೊರಡುತ್ತದೆಂಬ ಭರವಸೆ ನನಗಿರಲಿಲ್ಲ. ಬಂಡೀಪುರದ ಕಾಡಿನಲ್ಲಿ ಜಿಂಕೆಗಳು ಗುಂಪಾಗಿ ರಸ್ತೆ ಬದಿಯಲ್ಲಿ ಮೇಯುತ್ತಿದ್ದವು. ಒಂದು ಕಡೆ ಆನೆಯ ಲದ್ದಿ ಇನ್ನೂ ಹೊಗೆಯಾಡುತ್ತಿತ್ತು, ಆನೆ ಮಾತ್ರ ಕಾಣಲಿಲ್ಲ. ತಮಿಳುನಾಡಿನ ಗಡಿಯ ಚೆಕ್‌ಪೋಸ್ಟಿನಲ್ಲಿ, ಬೆಟ್ಟಕ್ಕೆ ಗಾಡಿ ಬಿಡಲು ಬೇಕಾದ ಇ-ಪಾಸ್ ತೋರಿಸಿದೆವು. ನೀರಿನ ಪ್ಲಾಸ್ಟಿಕ್ ಬಾಟಲಿ ಎರಡಿದ್ದವು, ಅಲ್ಲಿ ಪ್ಲಾಸ್ಟಿಕ್ ನಿಷೇಧವೆಂದು ಕಿತ್ತುಕೊಂಡರು. ತೆಪ್ಪಕಾಡಿನಲ್ಲಿ ಚಹಾ ಕುಡಿದು, ಗೂಡಲೂರಿನಲ್ಲಿ ಪರೋಟ ತಿಂದೆವು. ಅಲ್ಲಿಂದ ಊಟಿಗೆ ಐವತ್ತು ಕಿಲೋಮೀಟರು, ಬರೀ ಏರು.

ಮೊದಲ ದೊಡ್ಡ ತಿರುವಿನಲ್ಲೇ ಶುರುವಾಯಿತು. ಸ್ಟೀರಿಂಗು ಪೂರ್ತಿ ತಿರುಗಿಸಿದಾಗಲೆಲ್ಲ ಯಾರೋ ಹಿಂದಿನಿಂದ ಬ್ರೇಕು ಹಿಡಿದು ಬಿಟ್ಟು ಮಾಡಿದಂತೆ ಗಾಡಿ ಜಗ್ಗುತ್ತಿತ್ತು. ಕೆಳಗಿನಿಂದ ಗುರ್ ಎಂಬ ಸದ್ದು. ಅವರು ರೇಡಿಯೋ ಜೋರು ಮಾಡಿದರು. ನಾನು ಅದನ್ನು ಆರಿಸಿದೆ. "ಚಳಿಗೆ ಆಯಿಲ್ ಗಟ್ಟಿಯಾಗಿರುತ್ತೆ" ಎಂದರು. "ಯಾರಿಗೆ ಹೇಳ್ತಿದ್ದೀರಿ?" ಎಂದೆ. ನಡುವಟ್ಟಂ ದಾಟುವವರೆಗೆ ತಿರುವುಗಳನ್ನು ಎಣಿಸುತ್ತಾ ಕೂತೆ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಪೈಕಾರ ಜಲಾಶಯದ ನೀರು ಎಡಕ್ಕಿತ್ತೋ ಬಲಕ್ಕಿತ್ತೋ ನೋಡಲಾಗಲಿಲ್ಲ. ಮಧ್ಯಾಹ್ನ ಎರಡಕ್ಕೆ ಊಟಿ ಸೇರಿ ಬಸ್ ನಿಲ್ದಾಣದ ಹತ್ತಿರ ಲಾಡ್ಜು ಹಿಡಿದೆವು. ಹಾಸಿಗೆ ಒದ್ದೆ ಬಟ್ಟೆಯ ಹಾಗೆ ತಣ್ಣಗಿತ್ತು, ಬಿಸಿನೀರು ಕೇಳಿದರೆ ಬೆಳಿಗ್ಗೆ ಎಂದರು. ನಾನು ಸ್ವೆಟರು, ಶಾಲು ಎರಡೂ ಹೊದ್ದು ಮಲಗಿದೆ. ನಾಳೆ ಈ ಹೊತ್ತಿಗೆ ಬಸ್ಸಿನಲ್ಲಿರುತ್ತೇನೆ ಎನ್ನುವುದೊಂದೇ ಬೆಚ್ಚಗಿದ್ದ ವಿಷಯ.

ಮರುದಿನ ಬೆಳಿಗ್ಗೆ ಗಿರಾಕಿಯ ಮನೆಗೆ ಹೋದೆವು. ಅದು ಊಟಿಯಿಂದ ಒಂಬತ್ತು ಕಿಲೋಮೀಟರು, ಕ್ಯಾರೆಟ್ ಹೊಲಗಳ ನಡುವಿನ ಒಂದು ಇಳಿಜಾರಿನ ತಳದಲ್ಲಿ. ಹೆಸರು ಶೈಲಜಾ. ಹುಟ್ಟಿದ್ದು ನಮ್ಮ ಮೈಸೂರಿನ ಕುಂಬಾರಕೊಪ್ಪಲಿನಲ್ಲೇ, ಮದುವೆಯಾಗಿ ಇಲ್ಲಿಗೆ ಬಂದವಳು. ಗಂಡನಿಗೆ ಚಹಾ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ. ಮಕ್ಕಳಿಬ್ಬರನ್ನು ಶಾಲೆಗೆ ಬಿಟ್ಟು ತರುವುದು ಇವಳ ಪಾಲಿನದು. ಮುಖ್ಯ ರಸ್ತೆಯಿಂದ ಮನೆಗೆ ಕೆಂಪು ಮಣ್ಣಿನ ದಾರಿ, ಒಂದು ಪಕ್ಕ ಕಂದಕ. ಮಳೆ ಬಂದರೆ ಇವಳ ಸಣ್ಣ ಕಾರು ಆ ದಾರಿಯಲ್ಲಿ ಹಿಂದಕ್ಕೆ ಜಾರುತ್ತದಂತೆ. ಅದಕ್ಕೇ ನಾಲ್ಕೂ ಚಕ್ರ ಎಳೆಯುವ ಗಾಡಿ ಬೇಕು.

"ಬನ್ನಿ ಅಂಕಲ್, ಬನ್ನಿ ಆಂಟಿ. ಮೈಸೂರಿನವ್ರು ಅಂದ್ರೆ ತವರಿಂದ ಬಂದ ಹಾಗೇ ಆಯ್ತು ನಂಗೆ" ಎಂದು ಉಪಚಾರ ಮಾಡಿದಳು. ಆಮೇಲೆ ತಾನೇ ಗಾಡಿ ಹತ್ತಿ ಆ ಕೆಸರಿನ ಏರನ್ನು ಓಡಿಸಿ ನೋಡಿದಳು. ನಮ್ಮ ಗಾಡಿ ಒಂದು ಸಲವೂ ಜಾರದೆ ಸರಸರ ಹತ್ತಿಹೋಯಿತು. ದಾರಿ ನೇರವಾಗಿತ್ತು; ಪೂರ್ತಿ ತಿರುಗಿಸುವ ಪ್ರಸಂಗವೇ ಬರಲಿಲ್ಲ. ಇಳಿದು ಬಂದವಳ ಮುಖ ಅರಳಿತ್ತು. "ಸೂಪರ್ ಅಂಕಲ್! ಏನಾದ್ರೂ ಕೆಲಸ ಇದ್ಯಾ ಇದರಲ್ಲಿ?"

ನಮ್ಮ ಮನೆಯವರು ಗಾಡಿಯ ವಿಷಯಕ್ಕೆ ಸುಳ್ಳು ಹೇಳಿದ್ದನ್ನು ನಾನು ಕಂಡಿಲ್ಲ. ಕೇಳದವರಿಗೂ ಅದರ ಕಾಯಿಲೆಗಳನ್ನೆಲ್ಲ ವರದಿ ಒಪ್ಪಿಸುವವರು. ಅವತ್ತು ನನ್ನ ಕಡೆ ಒಂದು ಸಲ ನೋಡಿ, ಬಾನೆಟ್ ಒರೆಸುತ್ತಾ, "ಏನಿಲ್ಲಮ್ಮ. ಚೆನ್ನಾಗಿದೆ" ಎಂದುಬಿಟ್ಟರು. ಯಾರಿಗೋಸ್ಕರ ಹಾಗೆ ಹೇಳಿದರೆಂದು ನನಗೆ ಗೊತ್ತಾಗದೆ ಇರುತ್ತದೆಯೇ?

ಶೈಲಜಾ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋದಳು. ಚಹಾ ಕುದಿಸುತ್ತಾ, "ಆಂಟಿ, ಬೇಜಾರು ಮಾಡ್ಕೋಬೇಡಿ. ಅಂಕಲ್ ಅದನ್ನ ಅಷ್ಟು ಮುದ್ದು ಮಾಡ್ತಾರೆ, ಮತ್ಯಾಕೆ ಮಾರ್ತಿದ್ದೀರಿ?" ಎಂದು ಕೇಳಿದಳು.

ವಯಸ್ಸಾಯಿತು, ಇಬ್ಬರಿಗೆ ಅಷ್ಟು ದೊಡ್ಡ ಗಾಡಿ ಯಾಕೆ ಎಂದರೆ ಮುಗಿದುಹೋಗುತ್ತಿತ್ತು. ನಾಲಗೆಯ ತುದಿಗೆ ಬಂದೂ ಇತ್ತು. ಬಾಗಿಲ ಹತ್ತಿರ ಮಕ್ಕಳ ಎರಡು ಜೊತೆ ಮಳೆ ಬೂಟು ಕೆಸರಾಗಿ ಬಿದ್ದಿದ್ದವು. ಕಿಟಕಿಯಿಂದ ಆ ದಾರಿಯೂ ಕಂದಕವೂ ಕಾಣುತ್ತಿದ್ದವು.

"ತಿರುವಿನಲ್ಲಿ ಹಿಡಿದು ಜಗ್ಗುತ್ತೆ ಕಣಮ್ಮ" ಎಂದೆ. "ನಡುವಿನ ಪೆಟ್ಟಿಗೆ ಹೋಗ್ತಾ ಇದೆ. ಟೈರು ಎರಡು ಹೊಸದು, ಎರಡು ಹಳೇದು ನೋಡು, ಅದರಿಂದ. ಯಾವಾಗ ಬೇಕಾದ್ರೂ ಬಿಗಿದುಕೊಳ್ಳಬಹುದು. ಮಕ್ಕಳನ್ನ ಕೂರಿಸ್ಕೊಂಡು ಓಡಾಡೋ ಗಾಡಿ ಅಲ್ಲ ಇವತ್ತಿಗೆ."

ಅವಳು ಒಲೆ ಆರಿಸಿ ಕಿಟಕಿಯಿಂದ ಆ ದಾರಿಯ ಕಡೆ ನೋಡಿದಳು. "ನೀವು ಹೇಳಿದ್ದು ಒಳ್ಳೇದಾಯ್ತು ಆಂಟಿ" ಎಂದಳು. ಚಹಾ ಕೊಟ್ಟು, ಆಂಟಿ ಎಲ್ಲ ಹೇಳಿದರು, ಈ ಗಾಡಿ ಬೇಡ ಎಂದು ನಮ್ಮ ಮನೆಯವರಿಗೂ ತಿಳಿಸಿ, ಹೊರಡುವಾಗ ಮಣ್ಣು ಮೆತ್ತಿದ ಕ್ಯಾರೆಟ್ಟಿನ ಒಂದು ದೊಡ್ಡ ಚೀಲವನ್ನೇ ಹಿಂದಿನ ಸೀಟಿನಲ್ಲಿಟ್ಟಳು. ನಾನು ಗಾಡಿಯಲ್ಲಿ ಕೂತು ಬಸ್ಸಿನ ಟಿಕೆಟ್ಟು ರದ್ದು ಮಾಡಿದೆ. ಸುಳ್ಳು ಯಾಕೆ, ಕಣ್ಣಲ್ಲಿ ನೀರು ಬಂತು.

ಇಳಿಯುವಾಗ ಇನ್ನೂ ಕಷ್ಟ. ಒಂದೊಂದು ತಿರುವಿನಲ್ಲೂ ನನ್ನ ಸೊಂಟವೇ ಜಗ್ಗಿದ ಹಾಗಾಗುತ್ತಿತ್ತು. ಗೂಡಲೂರು ಹತ್ತಿರ ಬಂದಾಗ ಅವರು ಬಾಯಿ ಬಿಟ್ಟರು.

"ನೀನು ಸುಮ್ನೆ ಇದ್ದಿದ್ರೆ ಈಗ ಬಸ್ಸಲ್ಲಿ ಕೂತಿರ್ತಿದ್ದೆ."

"ಗೊತ್ತು. ಅದೇ ಹೊಟ್ಟೆ ಉರೀತಿರೋದು."

"ನಾನು ಹೇಳ್ಬೇಕಿತ್ತು ವಿಶಾಲೂ."

"ಹೂಂ. ನೀವೇ ಹೇಳ್ಬೇಕಿತ್ತು" ಎಂದೆ. ಬೈಯಬೇಕೆಂದುಕೊಂಡಿದ್ದೆ, ಬೈಯುವಷ್ಟು ಶಕ್ತಿ ಉಳಿದಿರಲಿಲ್ಲ.

ಕಾಡು ದಾಟಿ, ಗುಂಡ್ಲುಪೇಟೆ ಹಿಂದೆ ಬಿದ್ದು, ಬೇಗೂರು ಇನ್ನೇನು ಬಂತು ಅನ್ನುವಾಗ ಕೆಳಗಿನಿಂದ ಢಮ್ ಎಂದಿತು. ಸುಟ್ಟ ಎಣ್ಣೆಯ ವಾಸನೆ. ಅವರು ಹೇಗೋ ಹುಣಸೆ ಮರವೊಂದರ ಕೆಳಗೆ ತಂದು ನಿಲ್ಲಿಸಿದರು. ಸಮಯ ಮೂರೂವರೆ. ಮಳೆ ನಿಂತು ಬಿಸಿಲು ಬಿದ್ದಿತ್ತು. ಬೇರೆ ದಿನವಾಗಿದ್ದರೆ ಅವರು ತಕ್ಷಣ ಅಂಗಿಯ ತೋಳು ಮಡಚಿ ಗಾಡಿಯ ಕೆಳಗೆ ತೂರುತ್ತಿದ್ದರು. ಅವತ್ತು ಬಾನೆಟ್ಟನ್ನೂ ಎತ್ತಲಿಲ್ಲ. ಸ್ವಲ್ಪ ದೂರ ಹೋಗಿ ನಿಂತು ಯಾರಿಗೋ ಫೋನು ಮಾಡಿ ಬಂದರು. ನಾನು ಮೈಲಿಗಲ್ಲಿನ ಮೇಲೆ ಕೂತೆ.

ಗುಂಡ್ಲುಪೇಟೆಯಿಂದ ಕೆಟ್ಟ ಗಾಡಿ ಎಳೆಯುವ ಸಣ್ಣ ಲಾರಿ ಬಂತು, ಹಿಂದೆ ಕ್ರೇನಿನ ಕೊಕ್ಕೆ. ಓಡಿಸುವವನು ಮಾತಿನ ಮನುಷ್ಯ. ಗಾಡಿಯ ಮೂತಿಗೆ ಸರಪಳಿ ಬಿಗಿದು, ಮುಂದಿನ ಎರಡು ಚಕ್ರಗಳನ್ನು ಗಾಳಿಗೆ ಎತ್ತಿ, ಹಿಂದಿನೆರಡನ್ನು ರಸ್ತೆಯ ಮೇಲೆ ಉರುಳಿಸಿಕೊಂಡು ಹೋಗಲು ತಯಾರಾದ. ನನಗೆ ಏನಾಯಿತೋ, ಕಲ್ಲಿನ ಮೇಲಿಂದ ದಡಕ್ಕನೆ ಎದ್ದೆ.

"ಏಯ್, ಇಳಿಸ್ರೀ! ಹಂಗೆ ಎಳೀಬಾರದು ಇದನ್ನ! ನಾಲ್ಕೂ ಚಕ್ರ ಒಂದಕ್ಕೊಂದು ಕಟ್ಟಾಕಿದೆ. ಎರಡು ಎತ್ತಿ ಎರಡು ಉರುಳಿಸಿದ್ರೆ ಒಳಗೆ ಇರೋದೆಲ್ಲ ಸುಟ್ಟೋಗುತ್ತೆ. ಪೂರ್ತಿ ಗಾಡಿ ಮೇಲೆ ಹತ್ತಿಸ್ಕೊಳ್ಳೋ ಲಾರೀಲೇ ಹೋಗ್ಬೇಕು!"

ಅವನು ಕಕ್ಕಾಬಿಕ್ಕಿಯಾಗಿ ಒಮ್ಮೆ ನನ್ನನ್ನು, ಒಮ್ಮೆ ನಮ್ಮ ಮನೆಯವರನ್ನು ನೋಡಿದ. "ಅಯ್ಯೋ ಅಮ್ಮಾರೇ, ಗುಜ್ರಿಗೋಗೋ ಗಾಡಿ ಅಂತ ಸಾಯೇಬ್ರೇ ಏಳುದ್ರಲ್ಲ ಫೋನಲ್ಲಿ. ಸೋಮ್ವಾರ ಒಡೆಯಾಕೆ ಕೊಡ್ತಾರಂತೆ. ಇನ್ನೆಂಗೆ ಎಳುದ್ರೇನು ಬುಡಿ!"

ನಾನು ಅವರ ಕಡೆ ತಿರುಗಿದೆ. ಅವರು ರಸ್ತೆಯ ಆಚೆಯ ಹೊಲ ನೋಡುತ್ತಿದ್ದರು. ನಾನು ಇಷ್ಟು ವರ್ಷ ಬೇಡಿಕೊಂಡ ಮಾತು ಅದು. ನನ್ನೆದುರು ಹೇಳಲಾರದೆ, ಗುರುತಿಲ್ಲದ ಲಾರಿಯವನಿಗೆ ಫೋನಿನಲ್ಲಿ ಹೇಳಿದ್ದರು. ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

"ಏನಾದ್ರೂ ಆಗ್ಲಿ. ನೀವು ಇಳಿಸಿ" ಎಂದೆ ಲಾರಿಯವನಿಗೆ. ಅವನು ಗೊಣಗಿಕೊಂಡು ಸರಪಳಿ ಬಿಚ್ಚಿದ. ಬಂದು ಹೋದ ಬಾಬ್ತು ಕೊಟ್ಟು ಕಳಿಸಿದೆವು. ದೊಡ್ಡ ಲಾರಿ ಮೈಸೂರಿನಿಂದಲೇ ಬರಬೇಕು, ಎರಡು ಗಂಟೆಯಾದರೂ ಆಗುತ್ತದೆ ಎಂದು ಫೋನಿನಲ್ಲಿ ತಿಳಿಯಿತು. ಆಗಲಿ ಎಂದೆ.

ಅವರು ಬಂದು ಪಕ್ಕದಲ್ಲಿ ನೆಲದ ಮೇಲೆ ಕೂತರು. ಚೀಲದಿಂದ ಒಂದು ಕ್ಯಾರೆಟ್ ತೆಗೆದು ಸೆರಗಿನಲ್ಲಿ ಮಣ್ಣು ಒರೆಸಿ ಮುರಿದು ಅರ್ಧ ಕೊಟ್ಟೆ. ಅದನ್ನು ಅಗಿದು ಮುಗಿಸಿ ಅವರೇ ಮೆಲ್ಲಗೆ ಕೇಳಿದರು:

"ಗುಜರಿಗೆ ಹೋಗೋದಕ್ಕೆ ಇಷ್ಟೆಲ್ಲ ಯಾಕೆ ವಿಶಾಲೂ? ನಿನಗೇ ಸುಸ್ತಾಗಿದೆ."

"ಹೋಗೋದು ಸೋಮವಾರ ತಾನೇ?" ಎಂದೆ. "ಇವತ್ತು ಇನ್ನೂ ನಮ್ಮದೇ ಕಣ್ರೀ."