ಗೆರೆಯಣ್ಣನ ಡೊಂಕು ಸಾಲು

ಗೆರೆಯಣ್ಣ ಬಿತ್ತಿದ ಸಾಲು ಎಷ್ಟು ನೇರವಾಗಿರುತ್ತಿತ್ತೆಂದರೆ, ಹೊಲದ ಮೇಲೆ ಹಾರುವ ಕಾಗೆಗಳು ಅದನ್ನು ನೋಡಿ ತಮ್ಮ ದಾರಿ ತಿದ್ದಿಕೊಳ್ಳುತ್ತಿದ್ದವು. ಶಾಲೆಯ ಮೇಷ್ಟ್ರು ಹೊಸ ಅಳತೆಪಟ್ಟಿ ಕೊಂಡರೆ ಮೊದಲು ಅವನ ಸಾಲಿನ ಪಕ್ಕ ಇಟ್ಟು ನೋಡಿ, ಪಟ್ಟಿಯೇ ಡೊಂಕೆಂದು ಅಂಗಡಿಗೆ ವಾಪಸು ಕೊಡುತ್ತಿದ್ದರಂತೆ. ನಂಬಿಕೆಯಿಲ್ಲದವರು ಬಂದು ಕೇಳಬಹುದು. ಮೇಷ್ಟ್ರು ಈಗಿಲ್ಲ, ಕಾಗೆಗಳು ಇವೆ. ಅವನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಟ್ರ್ಯಾಕ್ಟರ್ ಹತ್ತಿದ ಮೊದಲ ವರ್ಷವೇ ಆ ಹೆಸರನ್ನು ಊರು ಮರೆಯಿತು. ಎರಡನೆಯ ವರ್ಷ ಅವನೂ ಮರೆತ.

ಅವನ ಗುಟ್ಟೇನೂ ದೊಡ್ಡದಲ್ಲ. ಹೊಲದ ಆಚೆ ತುದಿಯ ಬದುವಿನ ಮೇಲೆ ಬಿಳಿ ಬಣ್ಣದ ನೀರಿನ ಟ್ಯಾಂಕು ಇತ್ತು. ವರ್ಷದ ಮೊದಲ ಗೆರೆಯನ್ನು ಹೊಲದ ನಟ್ಟನಡುವೆ, ಆ ಟ್ಯಾಂಕಿಗೆ ಕಣ್ಣು ನೆಟ್ಟು ಹೊಡೆಯುವುದು. ಹಿಂದೆ ನೋಡಬಾರದು, ಕೆಳಗೆ ನೋಡಬಾರದು, ಸೊಳ್ಳೆ ಕಚ್ಚಿದರೆ ಕಚ್ಚಿಸಿಕೊಳ್ಳಬೇಕು. ಆ ಗೆರೆ ಸರಿಯಾದರೆ ಉಳಿದ ಸಾಲುಗಳೆಲ್ಲ ಅದರ ಪಕ್ಕದಲ್ಲಿ ಶಾಲೆಯ ಮಕ್ಕಳ ಹಾಗೆ ನಿಲ್ಲುತ್ತವೆ. ಮೆಕ್ಕೆಜೋಳ ಮೊಳೆತ ಮೇಲೆ ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ಕತ್ತು ಹೊರಹಾಕಿ ನೋಡುತ್ತಿದ್ದರು. ಗೆರೆಯಣ್ಣನೂ ಕೆಲಸವಿಲ್ಲದ ದಿನ ಅದೇ ಬಸ್ಸಿಗೆ ಟಿಕೆಟ್ ತೆಗೆಸಿ, ಜನ ನೋಡುವುದನ್ನು ನೋಡುತ್ತಿದ್ದ.

ಹೊಲ ಅಮ್ಮಾವ್ರದು. ಚಿಕ್ಕವಳಿದ್ದಾಗ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂತು ಹಾರನ್ ಒತ್ತಿ ಒತ್ತಿ ಅವನ ಕಿವಿ ತೂತು ಮಾಡಿದವಳು, ತಂದೆಯ ನಂತರ ಯಜಮಾನಿಕೆ ವಹಿಸಿಕೊಂಡ ಮೇಲೆ ಅಮ್ಮಾವ್ರಾದಳು. ಅವರು ಈ ವರ್ಷ ಹೊಸ ಟ್ರ್ಯಾಕ್ಟರ್ ತರಿಸಿದರು. ಅದಕ್ಕೆ ಪರದೆ, ನೆತ್ತಿಯ ಮೇಲೊಂದು ಬಿಳಿ ಬೋಗುಣಿ, ಹೊಟ್ಟೆಯಲ್ಲಿ ಕಂಪ್ಯೂಟರ್. ಜೋಡಿಸಲು ಕಂಪನಿ ಕಳಿಸಿದ ತಂತ್ರಜ್ಞ ಬೇರೆ ಯಾರೂ ಅಲ್ಲ, ಗೆರೆಯಣ್ಣನ ಹೆಂಡತಿಯ ತಮ್ಮ.

"ಭಾವ, ಇನ್ಮೇಲೆ ನೀವು ಮಹಾರಾಜ್ರು," ಎಂದ ಭಾಮೈದ. "ಉಪಗ್ರಹ ದಾರಿ ಹೇಳುತ್ತೆ, ಸ್ಟೇರಿಂಗ್ ತಾನೇ ತಿರುಗುತ್ತೆ. ನೀವು ಸುಮ್ನೆ ಕೂತಿದ್ರೆ ಸಾಕು."

"ಮತ್ತೆ ಕೈ?"

"ಮಡಿಲಲ್ಲಿ ಇಟ್ಕೊಳ್ಳಿ."

"ಎಷ್ಟೊತ್ತು?"

"ರಿಟೈರ್ ಆಗೋವರೆಗೂ!"

ಅಮ್ಮಾವ್ರು ನಗಲಿಲ್ಲ. "ಗೆರೆಯಣ್ಣ, ಈ ಹಂಗಾಮು ಚೆನ್ನಾಗಿ ನಡೆದ್ರೆ ಗಾಡಿ ನಿಮ್ಮ ಸುಪರ್ದಿಗೇ. ಹೊರಗಿನವರನ್ನ ಯಾರನ್ನೂ ಕರೆಸಲ್ಲ. ಆದ್ರೆ ಸ್ಟೇರಿಂಗ್ ಮಾತ್ರ ಮುಟ್ಟಬೇಡಿ. ಮುಟ್ಟಿದ್ರೆ ಅದು ಗೆರೆ ಬಿಡುತ್ತಂತೆ."

ಮುಟ್ಟುವುದಿಲ್ಲ ಎಂದ. ಬಾಯಿ ಹೇಳಿತು, ಕೈಯನ್ನು ಯಾರೂ ಕೇಳಲಿಲ್ಲ.

ತನ್ನೆದುರು ಸ್ಟೇರಿಂಗ್ ತಾನೇ ಅತ್ತಿತ್ತ ಆಡುವುದನ್ನು ನೋಡುತ್ತ ಕೂರುವುದೆಂದರೆ, ತನ್ನ ತಲೆಯನ್ನು ಯಾರೋ ಬಾಚುತ್ತಿರುವುದನ್ನು ಕನ್ನಡಿಯಲ್ಲಿ ನೋಡಿದಂತೆ. ಕೈಗಳಿಗೆ ತುರಿಕೆ ಹತ್ತಿತು. ಮಡಿಲಲ್ಲಿಟ್ಟರೆ ಮಡಿಲಿನಿಂದ ಜಾರುತ್ತಿದ್ದವು, ತೊಡೆಯ ಕೆಳಗಿಟ್ಟರೆ ತೊಡೆಯನ್ನೇ ಎತ್ತುತ್ತಿದ್ದವು. ಮನೆಗೆ ಬಂದರೆ ಊಟದ ತಟ್ಟೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸಿ ಸಾರಿಗೆ ತಲೆಸುತ್ತು ಬರಿಸಿದ. ಡಬ್ಬಗಳ ಮುಚ್ಚಳಗಳೆಲ್ಲ ಒಂದು ವಾರದಲ್ಲಿ ಸವೆದವು. ಒಂದು ಮಧ್ಯಾಹ್ನ ಮಲಗಿದ್ದ ಹೆಂಡತಿಯ ಭುಜ ಹಿಡಿದು ಮೆಲ್ಲಗೆ ಬಲಕ್ಕೆ ತಿರುಗಿಸಿದ.

"ಏನ್ರೀ ಇದು, ನಾನೇನು ಗಾಡಿನಾ?" ಎಂದು ಅವಳು ಎದ್ದು ಕೂತಳು.

"ಸ್ವಲ್ಪ ಓರೆಯಾಗಿ ಮಲಗಿದ್ದೆ ಕಣೇ."

"ಇಷ್ಟು ವರ್ಷ ಓರೆಯಾಗೇ ಮಲಗಿದೀನಿ, ಈಗ ಕಾಣ್ತಾ? ಆ ಕೈಗೆ ಏನಾದ್ರೂ ಕೆಲಸ ಕೊಡಿ. ಬಾವಿಯಿಂದ ನೀರಾದ್ರೂ ಸೇದಿ."

ಸೇದಿದ. ಬಾವಿ ಬತ್ತುವುದೊಂದು ಬಾಕಿ. ಪಕ್ಕದ ಮನೆಯವರು ತಮ್ಮ ಬಾವಿಗೆ ಬೀಗ ಹಾಕಿದರೆಂದು ಸುದ್ದಿ.

ಬಿತ್ತನೆಯ ದಿನ ಭಾಮೈದ ಕಂಪನಿಯ ವ್ಯಾನಿನಲ್ಲಿ ಬಂದು ಗುಂಡಿ ಒತ್ತಿಕೊಟ್ಟ; ಯಂತ್ರ ಹೊಲದ ಅಂಚಿನಿಂದ ಶುರುಮಾಡಿತು. ನಡುವಿನಿಂದಲ್ಲ, ಅಂಚಿನಿಂದ! ಗೆರೆಯಣ್ಣ ಅದನ್ನೂ ನುಂಗಿಕೊಂಡ. ಒಂದು ಸಲ ಹೋದರೆ ಆರು ಸಾಲು ಬೀಳುತ್ತಿದ್ದವು. ಹೋಗುತ್ತ ಬರುತ್ತ ಟ್ರ್ಯಾಕ್ಟರ್ ಹೊಲದ ನಟ್ಟನಡುವೆ ಬಂದಾಗ ಅವನು ತಲೆಯೆತ್ತಿ ನೋಡಿದ. ಆಚೆ ತುದಿಯಲ್ಲಿ ಆ ಬಿಳಿ. ಯಂತ್ರದ ಮೂತಿ ಅದಕ್ಕೆ ನೇರವಾಗಿರಲಿಲ್ಲ, ಒಂದು ಕೂದಲೆಳೆ ಆಚೆಗಿತ್ತು. ಇಷ್ಟು ವರ್ಷ ತಾನು ಗುರಿಯಿಟ್ಟ ಟ್ಯಾಂಕನ್ನು ಇದು ಕಣ್ಣೆತ್ತಿಯೂ ನೋಡದೆ ಹೋಗುತ್ತಿದೆ! ಕೈಗಳು ಅವನನ್ನು ಕೇಳಲಿಲ್ಲ. ಹೋಗಿ ಸ್ಟೇರಿಂಗ್ ಹಿಡಿದೇ ಬಿಟ್ಟವು.

ಯಂತ್ರ ಕುಂಯ್ ಎಂದು ಒಮ್ಮೆ ನೊಂದುಕೊಂಡು ಸುಮ್ಮನಾಯಿತು. ಆಹಾ! ಅಂಗೈಗೆ ಮಣ್ಣಿನ ಅದುರು ಹತ್ತಿದ್ದೇ ತಡ, ಅವನಿಗೆ ಇಪ್ಪತ್ತು ವರ್ಷ ಇಳಿದುಹೋಯಿತು. ಹಿಂದೆ ನೋಡಲಿಲ್ಲ, ಕೆಳಗೆ ನೋಡಲಿಲ್ಲ. ಬಿಳಿಗೆ ಕಣ್ಣು ನೆಟ್ಟು ಆ ಪೂರ್ತಿ ಗೆರೆಯನ್ನು ತಾನೇ ಹೊಡೆದ. ಕೊನೆ ಮುಟ್ಟಿದ ಮೇಲೆ ಗುಂಡಿ ಒತ್ತಿ, ಕಳ್ಳ ಬೆಕ್ಕಿನ ಹಾಗೆ ಮಡಿಲಲ್ಲಿ ಕೈ ಇಟ್ಟು ಕೂತ; ಕೈ ನೆಕ್ಕಿಕೊಳ್ಳುವುದೊಂದು ಬಾಕಿ. ಯಂತ್ರ ತನ್ನ ಲೆಕ್ಕದ ಮುಂದಿನ ಗೆರೆಗೆ ಹೊರಟಿತು. ಯಾರೂ ನೋಡಲಿಲ್ಲ.

ನೋಡಿದ್ದು ಮೆಕ್ಕೆಜೋಳ. ಮೊಳಕೆ ಬಂದಾಗ ಹೊಲವೆಲ್ಲ ಹಸಿರು ನೂಲಿನ ಹಾಸಿನಂತಿತ್ತು. ನಟ್ಟನಡುವಿನ ಆರು ಸಾಲು ಮಾತ್ರ ಅರ್ಧ ದೂರ ಸರಿಯಾಗಿ ಹೋಗಿ, ಅಲ್ಲಿಂದ ಎಡಕ್ಕೆ ಹೊಟ್ಟೆ ಬಿಟ್ಟುಕೊಂಡು, ಮತ್ತೆ ನಾಚಿಕೆಯಾದಂತೆ ಒಳಕ್ಕೆ ಬಂದಿದ್ದವು. ಹೊಟ್ಟೆ ಒಂದು ಗೇಣಿನಷ್ಟು ಇರಬಹುದು. ಗೆರೆಯಣ್ಣನ ಕಣ್ಣಿಗೆ ಅದು ಗುಡಾಣದಂತೆ ಕಂಡಿತು. ಹೇಗಾಯಿತು? ಟ್ಯಾಂಕು ಅಲ್ಲೇ ಇದೆ, ಕೈ ಅದೇ ಕೈ.

ಅದೊಂದೇ ಆಗಿದ್ದರೆ ಬಾಯಿಗೆ ಬೀಗ ಹಾಕಿಕೊಂಡು ಇದ್ದುಬಿಡುತ್ತಿದ್ದನೇನೋ. ಆ ಭಾನುವಾರ ಭಾಮೈದ ಊಟಕ್ಕೆ ಬಂದು, ಕಾಲು ಚಾಚಿ ಕೂತು ಹೇಳಿದ: "ಮುಂದಿನ ವಾರ ಎಡೆಕುಂಟೆ ಬರ್ತಿದೆ ಭಾವ. ಅದಕ್ಕೆ ಸೀಟೇ ಇಲ್ಲ! ಸಾಲಿನ ನಡುವೆ ತಾನೇ ಹೋಗಿ ಕಳೆ ಕೆರೆದು ಬರುತ್ತೆ."

"ಸಾಲು ಎಲ್ಲಿದೆ ಅಂತ ಅದಕ್ಕೆ ಹೇಗೋ ಗೊತ್ತಾಗುತ್ತೆ? ಕಣ್ಣಿದ್ಯಾ?"

"ಕಣ್ಣ್ಯಾಕೆ? ಬಿತ್ತುವಾಗ ಹಾಕಿದ ಗೆರೆ ಅದರ ನೆನಪಲ್ಲಿದೆಯಲ್ಲ. ಗಾಡಿ ಆ ಗೆರೆ ಮೇಲೇ ಹೋಗಿರುತ್ತೆ ತಾನೇ?"

"ಹೋಗದೇ ಇದ್ರೆ?"

"ಸಾಲಿನ ನಡುವೆ ಕಳೆ ಕೆರೆಯೋ ಕುಡ, ಸಾಲಿನ ಮೇಲೇ ಹೋಗುತ್ತೆ. ಪೈರೆಲ್ಲ ಸಫಾ," ಎಂದು ಭಾಮೈದ ಇನ್ನೊಂದು ಸೌಟು ಬಡಿಸಿಕೊಂಡ.

ಗೆರೆಯಣ್ಣ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟ. ಪೈರು ಹೋಗುವುದು ಒಂದು. ಹೊಲದ ನಡುವೆ ಬರಿ ನೆಲದ ಪಟ್ಟಿಯೊಂದು ಉದ್ದಕ್ಕೂ ಬಿದ್ದು, ಗೆರೆಯಣ್ಣನ ಗೆರೆ ಇಲ್ಲಿ ಡೊಂಕಾಗಿತ್ತು ಎಂದು ಬಸ್ಸಿನವರಿಗೆಲ್ಲ ಸಾರುವುದು ಇನ್ನೊಂದು. ಆ ಹೆಸರು ಹೋದರೆ ಅವನ ಬಳಿ ಬೇರೆ ಹೆಸರಿರಲಿಲ್ಲ.

ಆ ವಾರ ಅವನು ನಿಂತಲ್ಲಿ ನಿಲ್ಲಲಿಲ್ಲ. ಬೆಳಗ್ಗೆ ಹೊಲಕ್ಕೆ ಹೋಗುವುದು, ಹೊಟ್ಟೆ ಕರಗಿತೇ ಎಂದು ನೋಡುವುದು, ಮನೆಗೆ ಬರುವುದು, ಬಾಗಿಲಲ್ಲೇ ತಿರುಗಿ ಮತ್ತೆ ಹೋಗುವುದು. ಅವನು ಓಡಾಡಿದ ಬದು ಸವೆದು ಕಾಲುವೆಯಾಗಿ ಅದರಲ್ಲಿ ಮೀನು ಕಾಣಿಸಿಕೊಂಡಿತೆಂದು ಹೇಳುವವರಿದ್ದಾರೆ; ಅಷ್ಟಿಲ್ಲದಿದ್ದರೂ ಚಪ್ಪಲಿಯಂತೂ ಸವೆಯಿತು. ಅಮ್ಮಾವ್ರಿಗೆ ಹೇಳಿಬಿಡೋಣವೆಂದು ಅವರ ಆಫೀಸಿನ ಕೋಣೆಗೆ ಹೋಗಿ, "ಫ್ಯಾನು ಸದ್ದು ಮಾಡ್ತಿದೆ ಅಮ್ಮಾವ್ರೇ" ಎಂದು ಹೇಳಿ ವಾಪಸು ಬಂದ. ಫ್ಯಾನು ತಿರುಗುತ್ತಲೇ ಇರಲಿಲ್ಲ.

ಕೊನೆಗೊಂದು ದಿನ ಹೆಂಡತಿ ಬುತ್ತಿ ಹಿಡಿದು ಹೋದರೆ, ಗಂಡ ಹೊಲದ ನಡುವೆ ಮಂಡಿಯೂರಿದ್ದಾನೆ. ಒಂದೊಂದೇ ಸಸಿಯನ್ನು ಮಣ್ಣುಸಮೇತ ಅಗೆದು, ಒಂದು ಗೇಣು ಬಲಕ್ಕೆ ನೆಡುತ್ತಿದ್ದಾನೆ. ನೆಟ್ಟವು ಆಗಲೇ ಕತ್ತು ಬಗ್ಗಿಸಿ ಮುನಿಸಿಕೊಂಡಿವೆ.

"ಸಾಲನ್ನೂ ಎಬ್ಬಿಸಿ ಸರಿಯಾಗಿ ಮಲಗಿಸ್ತಾ ಇದೀರಾ?" ಎಂದಳು.

ಅವನು ಎಲ್ಲ ಹೇಳಿದ. ಅವಳು ಬುತ್ತಿ ಕೆಳಗಿಟ್ಟು ಆ ಹೊಟ್ಟೆಯ ಉದ್ದಕ್ಕೂ ಕಣ್ಣು ಹಾಯಿಸಿದಳು.

"ಯಾವುದಕ್ಕೆ ಗುರಿ ಇಟ್ರಿ?"

"ಟ್ಯಾಂಕಿಗೆ. ಅಗೋ, ಬಿಳಿ ಕಾಣ್ತಿದೆಯಲ್ಲ."

"ಯಾವುದು? ಅದು ಟ್ಯಾಂಕಲ್ಲ ರೀ, ಯಾರೋ ಒಣಹಾಕಿರೋ ಪಂಚೆ. ಟ್ಯಾಂಕು ಅದರಾಚೆ ಇದೆ."

ಗೆರೆಯಣ್ಣ ಕಣ್ಣು ಕಿರಿದು ಮಾಡಿದ. ಅವನಿಗೆ ಕಂಡದ್ದು ಬಿಳಿ, ಅಷ್ಟೇ. ಕೆಲವು ತಿಂಗಳಿಂದ ದೂರದ್ದೆಲ್ಲ ಹಾಲಿನಲ್ಲಿ ಅದ್ದಿ ತೆಗೆದಂತಿತ್ತು. ಯಾರಿಗೂ ಹೇಳಿರಲಿಲ್ಲ, ತನಗೆ ತಾನೂ.

"ಬಿತ್ತಿದ ದಿನ ನನ್ನ ತಮ್ಮನ ವ್ಯಾನು ಎಲ್ಲಿತ್ತು?" ಎಂದಳು ಅವಳು.

ಎಲ್ಲಿತ್ತೆಂದರೆ, ಟ್ಯಾಂಕಿನ ಮುಂದೆಯೇ. ಬಿಳಿ ವ್ಯಾನು. ಗೆರೆಯಣ್ಣ ಅರ್ಧ ಹೊಲ ದಾಟುವಾಗ ಭಾಮೈದ ಟೀ ಕುಡಿಯಲೆಂದು ಅದನ್ನು ಮೆಲ್ಲಗೆ ಎಡಕ್ಕೆ ಓಡಿಸಿಕೊಂಡು ಹೊರಟಿದ್ದ. ಅದು ಶೆಡ್ಡಿನ ಮರೆಗೆ ಹೋದ ಮೇಲೆ ಗೆರೆಯಣ್ಣನ ಕಣ್ಣು ನಿಜವಾದ ಟ್ಯಾಂಕಿಗೆ ಮರಳಿ ಬಂದಿತ್ತು. ಜೀವಮಾನವೆಲ್ಲ ಕದಲದ ಗುರುತು ಹಿಡಿದವನು, ಆ ದಿನ ಟೀ ಅಂಗಡಿಗೆ ಹೊರಟ ಗುರುತನ್ನು ಹಿಡಿದಿದ್ದ.

"ಹೇಳ್ಬಿಡಿ ಹೋಗಿ," ಎಂದಳು ಹೆಂಡತಿ. "ಸಾಲಿಂದೂ, ಕಣ್ಣಿಂದೂ."

"ನಾಳೆ."

ಆ ನಾಳೆಯೇ ಎಡೆಕುಂಟೆ ಬಂದಿಳಿಯಿತು. ಸೀಟಿಲ್ಲದ, ಮುಖವಿಲ್ಲದ, ನಾಲ್ಕು ಗಾಲಿಯ ಮೇಜಿನಂಥ ಪ್ರಾಣಿ. ಅಮ್ಮಾವ್ರು ಟೋಪಿ ಹಾಕಿಕೊಂಡು ನಿಂತರು, ಭಾಮೈದ ಗುಂಡಿ ಒತ್ತಿದ, ಅದು ಅಂಚಿನ ಸಾಲಿಗೆ ಇಳಿಯಿತು. ಎಂಥ ಕೆಲಸ! ಪೈರಿನ ಒಂದು ಎಲೆಯೂ ಅಲುಗದಂತೆ ಕಳೆಯನ್ನು ಕೆರೆದು ಹೋಗುತ್ತಿತ್ತು. ಗೆರೆಯಣ್ಣನಿಗೇ ಹೊಗಳಬೇಕೆನಿಸಿತು. ಅದು ಹೋಗಿ ಬಂದು, ಹೋಗಿ ಬಂದು ನಡುವಿಗೆ ಹತ್ತಿರವಾಗುತ್ತಿತ್ತು. ಒಂದೊಂದು ಸುತ್ತಿಗೂ ಅವನು ಬಾಯಿ ತೆರೆದ, ಗಾಳಿ ಕುಡಿದು ಮುಚ್ಚಿದ.

ಯಂತ್ರ ಅವನ ಸಾಲಿಗೆ ಇಳಿಯಿತು. ಅರ್ಧ ದೂರ ಹೋಯಿತು. ಇನ್ನು ಒಂದು ಕೂಗಳತೆಯಲ್ಲಿ ಹೊಟ್ಟೆ.

ಗೆರೆಯಣ್ಣ ಓಡಿದ. ಆ ಓಟಕ್ಕೆ ಚಪ್ಪಲಿಗಳು ಹಿಂದುಳಿದವು, ನೆರಳು ಅರ್ಧ ಹೊಲ ತಡವಾಗಿ ಬಂತು. ಹೋಗಿ ಯಂತ್ರದ ಮುಂದೆ ಎರಡೂ ಕೈ ಅಗಲಿಸಿ ನಿಂತ. ಎದುರಿಗೆ ಮನುಷ್ಯ ಬಂದರೆ ನಿಲ್ಲಬೇಕೆಂದು ಅದಕ್ಕೆ ಕಲಿಸಿದ್ದರು. ಗಕ್ಕನೆ ನಿಂತು ಕುಂಯ್ ಎಂದಿತು.

"ಭಾವ! ತಲೆ ಕೆಟ್ಟಿದ್ಯಾ?" ಎಂದು ಭಾಮೈದ ಕೂಗುತ್ತ ಬಂದ. ಹಿಂದೆಯೇ ಅಮ್ಮಾವ್ರು.

"ಪುಟ್ಟಿ, ಇದು ಬೇಡ," ಎಂದ ಗೆರೆಯಣ್ಣ. ಮಡ್‌ಗಾರ್ಡಿನ ಕಾಲದ ಹೆಸರು ತಾನಾಗಿ ಬಾಯಿಗೆ ಬಂದಿತ್ತು. "ಮುಂದೆ ಸಾಲು ಡೊಂಕಿದೆ. ನಾನು ಮುಟ್ಟಿದೆ. ಡೊಂಕು ನಂದು."

ಅಮ್ಮಾವ್ರು ನಾಲ್ಕು ಹೆಜ್ಜೆ ಮುಂದೆ ಹೋಗಿ ನೋಡಿದರು. ಭಾಮೈದನಿಗೆ ನಗು ತಡೆಯಲಿಲ್ಲ. "ಗೆರೆಯಣ್ಣನ ಗೆರೆ! ಬೆಕ್ಕಿನ ಬಾಲ ಇದ್ದ ಹಾಗಿದೆಯಲ್ಲ ಭಾವ!"

"ನಿನ್ನ ಟೀ ಚಟಕ್ಕೆ ಆಗಿದ್ದು ಕಣೋ ಅದು," ಎಂದು ಗೆರೆಯಣ್ಣ ಸಿಡುಕಿದ. ಆಮೇಲೆ ಗಂಟಲು ತಗ್ಗಿತು. "ವ್ಯಾನನ್ನ ಟ್ಯಾಂಕು ಅಂದ್ಕೊಂಡೆ. ಕಣ್ಣು ಮಂಜು. ದೂರದ್ದು ಕಾಣಲ್ಲ."

ಭಾಮೈದ ಹೋಗಿ ಕುಂಯ್ ಎನ್ನುತ್ತಿದ್ದ ಯಂತ್ರದ ಬಾಯಿ ಮುಚ್ಚಿಸಿದ.

"ಹತ್ತಿರದ್ದು ಕಾಣುತ್ತಾ?" ಎಂದರು ಅಮ್ಮಾವ್ರು.

"ಇರುವೆ ಮೀಸೆ ಕಾಣುತ್ತೆ."

"ಹಾಗಿದ್ರೆ ಶೆಡ್ಡಿಂದ ಹಳೇ ಗಾಡಿ, ಹಳೇ ಕುಂಟೆ ತನ್ನಿ. ಈ ಆರು ಸಾಲು ನೀವೇ ಹೊಡೀರಿ."

ಜೀವಮಾನದಲ್ಲಿ ಮೊದಲ ಸಲ ಗೆರೆಯಣ್ಣ ದೂರ ನೋಡದೆ ಕೆಳಗೆ ನೋಡಿ ಗಾಡಿ ಹೊಡೆದ. ನೇರ ಹೋಗುವುದು ಸುಲಭ. ತನ್ನದೇ ಡೊಂಕಿನ ಹಿಂದೆ, ಅದು ಬಾಗಿದಲ್ಲಿ ಬಾಗಿ, ನಾಚಿದಲ್ಲಿ ನಾಚಿ ಹೋಗುವುದಕ್ಕೆ ಬೆವರು ಕಿತ್ತುಬಂತು. ಆ ಬೆವರಿಗೆ ಮೋಟಾರು ಹಾಕಿದ್ದರೆ ಅರ್ಧ ಹೊಲ ನೀರುಣ್ಣುತ್ತಿತ್ತು. ತಾನು ಕಿತ್ತು ನೆಟ್ಟಿದ್ದ ಸಸಿಗಳು ಬಾಡಿ ಬಿದ್ದಿದ್ದವು. ಉಳಿದ ಪೈರು ಉಳಿಯಿತು. ಭಾಮೈದ ಮೊದಲೇ ದಾರಿ ಗುರುತಿಸುವ ಪೆಟ್ಟಿಗೆಯೊಂದನ್ನು ಹಳೇ ಗಾಡಿಯ ನೆತ್ತಿಗೆ ಕಟ್ಟಿದ್ದ; ಆ ಡೊಂಕು ದಾರಿಯನ್ನು ಯಂತ್ರದ ನೆನಪಿಗೆ ಹಾಕಿದ.

ಎರಡನೆಯ ಸಲ ಕಳೆ ಕೆರೆಯಲು ಯಂತ್ರ ಒಂದೇ ಬಂತು. ಕನ್ನಡಕ ಹಾಕಿಕೊಂಡು ಬದುವಿನ ಮೇಲೆ ನಿಂತಿದ್ದ ಗೆರೆಯಣ್ಣನ ಎದುರಿಗೇ, ಹೊಲದ ನಡುವೆ ಹೋಗುತ್ತ, ಆ ಹೊಟ್ಟೆ ಬಂದಲ್ಲಿ ಒಂದು ಗೇಣು ಎಡಕ್ಕೆ ಬಾಗಿ, ಮತ್ತೆ ಒಳಕ್ಕೆ ಬಂದು ಹೋಯಿತು. ಅದು ಬಾಗಿದಾಗ ಅವನ ಕೈಗಳೂ ಗಾಳಿಯಲ್ಲಿ ಎಡಕ್ಕೆ ತಿರುಗಿದವು.

"ಮುಂದಿನ ವರ್ಷನೂ ಗಾಡಿ ನಿಮ್ಮದೇ," ಎಂದರು ಪಕ್ಕದಲ್ಲಿದ್ದ ಅಮ್ಮಾವ್ರು. "ಸ್ಟೇರಿಂಗ್ ಮಾತ್ರ ಮುಟ್ಟಬೇಡಿ ಗೆರೆಯಣ್ಣ."

"ಮುಟ್ಟಲ್ಲ ಅಮ್ಮಾವ್ರೇ," ಎಂದ. ಬೆನ್ನ ಹಿಂದೆ ಎಡಗೈ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿತ್ತು, ಪೊಲೀಸಿನವರು ಹಿಡಿದ ಹಾಗೆ.