ಭೋಸರಿಯ ಸುದ್ದಿಗೆ ನಾನು ಹೇಳಿದ ಪಾಠ

ಮೈದಾ ಹಿಟ್ಟನ್ನು ನೀರಲ್ಲಿ ಕದಡಿ ಕುದಿಸಿ ಮಾಡುವ ಅಂಟಿಗೆ ಒಂದು ವಾಸನೆ ಇರುತ್ತದೆ. ಅರ್ಧ ಬೆಂದ ಗಂಜಿಯ ವಾಸನೆ, ಅದರ ಬೆನ್ನಿಗೇ ಮೂಗಿನೊಳಗೆ ಚುರುಗುಟ್ಟುವ ಮೈಲುತುತ್ತ. ಮೊನ್ನೆ ಪುಣೆಯ ನಿಗಡಿಯ ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಪೋಸ್ಟರ್ ಅಂಟಿಸುವವನೊಬ್ಬ ಬಕೆಟ್ಟು ತಂದಿಟ್ಟು ನನ್ನ ಪಕ್ಕದ ಗೋಡೆಗೇ ಬಳಿಯತೊಡಗಿದ. ನನ್ನ ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ. ಐವತ್ತು ದಾಟಿದ ಹೆಂಗಸು ಅಂಟಿನ ಬಕೆಟ್ಟಿನ ಮುಂದೆ ಮೂಗು ಅರಳಿಸಿಕೊಂಡು ನಿಂತರೆ ನೋಡಿದವರು ಏನಂದುಕೊಳ್ಳಬೇಡ! ಅವನೇ ಕೊನೆಗೆ, 'ಕಾಯ್ ಝಾಲಂ ಕಾಕೂ?' ಎಂದು ಕೇಳಿದ. ಏನೂ ಆಗಿಲ್ಲಪ್ಪಾ ಎಂದೆ. ಆಗಿದ್ದನ್ನು ಅವನಿಗೆ ಹೇಳುವುದಕ್ಕೆ ನನ್ನ ಮರಾಠಿಯೂ ಸಾಲದು, ಅವನ ಪುರುಸೊತ್ತೂ ಸಾಲದು.

ನಾನು ಚಿಕ್ಕವಳಿದ್ದಾಗ ನಮ್ಮ ಮನೆ ಪುಣೆಯ ಖಡಕಿಯಲ್ಲಿತ್ತು. ಅಪ್ಪ ಮದ್ದುಗುಂಡಿನ ಕಾರ್ಖಾನೆಯಲ್ಲಿ ಲೇತ್ ಮಶೀನಿನ ಮೇಲೆ ಕೆಲಸಕ್ಕಿದ್ದರು. ಕಾರ್ಖಾನೆ ಕೊಟ್ಟ ಎರಡು ಕೋಣೆಯ ಕ್ವಾರ್ಟರ್ಸು, ಮುಂದೊಂದು ತಗಡಿನ ಪಡಸಾಲೆ, ಹಿತ್ತಲಲ್ಲಿ ಒಂದು ನಲ್ಲಿ. ಅಪ್ಪ ಅವ್ವ ಇಬ್ಬರೂ ಬೆಟಗೇರಿಯ ಕಡೆಯವರು. ಮಿಶನ್ ಶಾಲೆಯಲ್ಲಿ ಕಲಿತು, ಕೀರ್ತನೆ ಹಾಡಿಕೊಂಡು ಬೆಳೆದ ಕನ್ನಡ ಕ್ರೈಸ್ತರು. ಹೊಸ್ತಿಲ ಆಚೆ ಮರಾಠಿ, ಈಚೆ ಕನ್ನಡ, ಅದು ಮನೆಯ ಕಾನೂನು. ಅಪ್ಪ ಪಾಳಿ ಮುಗಿಸಿ ಬಂದು, ಎಣ್ಣೆಯ ಕೈಯನ್ನು ಸೋಡಾ ಹಾಕಿ ತಿಕ್ಕಿ ತೊಳೆದು, ಚಹಾ ಕುಡಿದು ಏಳು ಗಂಟೆಗೆ ಚಾಪೆ ಹಾಸಿದರೆಂದರೆ ಪ್ರಾರ್ಥನೆ. ಎಲ್ಲ ಕ್ರೈಸ್ತರ ಮನೆಯಲ್ಲೂ ಅದು ಇದ್ದದ್ದೇ. ಆದರೆ ನಮ್ಮಲ್ಲಿ ಪ್ರಾರ್ಥನೆಗೆ ಮೊದಲು ಅಂದಿನ ಪೇಪರು ಬರಬೇಕಿತ್ತು. ಯೇಸುಸ್ವಾಮಿ ಕಥೆ ಹೇಳಿದ್ದೆಲ್ಲ ಹೊಲ, ಕುರಿ, ಹಿಟ್ಟು, ಉಪ್ಪು ಇಂಥದ್ದರಿಂದಲೇ; ಇವತ್ತು ಪುಣೆಯಲ್ಲಿದ್ದಿದ್ದರೆ ಮುನ್ಸಿಪಾಲಿಟಿ ನಲ್ಲಿಯಿಂದಲೂ ಹೇಳುತ್ತಿದ್ದ, ಪೇಪರಿನ ಸುದ್ದಿಯಿಂದಲೂ ಹೇಳುತ್ತಿದ್ದ ಎಂಬುದು ಅಪ್ಪನ ವಾದ. ಹಾಗಾಗಿ ನಾನು ಮತ್ತು ಅಣ್ಣ ಪ್ರಭು ಒಂದೊಂದು ವಾರ ಸರದಿಯ ಮೇಲೆ ಮರಾಠಿ ಪೇಪರಿನಲ್ಲಿ ಒಂದು ಸುದ್ದಿ ಹುಡುಕಿ ಪೆನ್ಸಿಲಿನಿಂದ ಸುತ್ತು ಹಾಕಿಡಬೇಕು. ಸಂಜೆ ಅಪ್ಪ ಅದನ್ನು ಕನ್ನಡಕ್ಕೆ ತಿರುಗಿಸಿ ಓದಬೇಕು. ಹುಡುಕಿದವರು ಅದರೊಳಗಿನ ಪಾಠ ಹೇಳಬೇಕು. ಶನಿವಾರ ಅವ್ವ ಮೈದಾ ಕುದಿಸಿ ಅಂಟು ಮಾಡಿಕೊಟ್ಟರೆ ಆ ವಾರದ ಚೂರುಗಳನ್ನೆಲ್ಲ ಹಳೆಯ ರಿಜಿಸ್ಟರಿಗೆ ಅಂಟಿಸುವುದು.

ಇದಕ್ಕೆ ನಾವು ಪಾಠ ಹೆಕ್ಕುವುದು ಅನ್ನುತ್ತಿದ್ದೆವು. ಹೆಕ್ಕಿ ಹೆಕ್ಕಿ ನಮ್ಮ ಕಣ್ಣೇ ಹಾಗಾಗಿಹೋಗಿತ್ತು. ರೈಲು ಹಳಿಯ ಮೇಲೆ ಎಮ್ಮೆ ಮಲಗಿ ಲೋಕಲ್ ಅರ್ಧ ಗಂಟೆ ನಿಂತಿತು ಅಂದರೆ ತಾಳ್ಮೆ. ಪೈಪು ಒಡೆದು ಬಡವರ ಓಣಿಗೆ ಮೂರು ದಿನ ಪುಕ್ಕಟೆ ನೀರು ಅಂದರೆ ಕೃಪೆ. ಒಮ್ಮೆ ಪ್ರಭು ಸಣ್ಣ ಜಾಹೀರಾತಿನ ಮೂಲೆಯಿಂದ ಒಂದು ಕಳೆದುಹೋದ ಗಿಳಿಯನ್ನು ಹಿಡಿದು ತಂದ. ಯಾರೋ ಸಾಕಿದ ಗಿಳಿ ಹಾರಿಹೋಗಿದೆ, ಕರೆದರೆ ಬರುತ್ತದೆ, ದಯವಿಟ್ಟು ಹುಡುಕಿಕೊಡಿ ಎಂದು ಬರೆದಿದ್ದರು. ಅಪ್ಪನಿಗೆ ಕಣ್ಣಲ್ಲಿ ನೀರು ಬಂತು. 'ಶಾಭಾಸ್ ಮಗನ, ಇದು ಪಾಠ ಅಂದ್ರ!' ಎಂದು ಅವನ ಬೆನ್ನು ತಟ್ಟಿದರು. ನನಗೆ ಹೊಟ್ಟೆಯಲ್ಲಿ ಬೆಂಕಿ ಇಟ್ಟಂತಾಯಿತು. ಒಂದು ಗಿಳಿಗೆ ಇಷ್ಟು ಮರ್ಯಾದೆಯೇ? ನನ್ನ ಸರದಿ ಬರಲಿ, ಇದರಪ್ಪನಂಥದ್ದು ತರುತ್ತೇನೆ ಎಂದುಕೊಂಡೆ. ನಿಮ್ಮ ಮನೆಯಲ್ಲೂ ಅಪ್ಪನ ಒಂದು ಶಾಭಾಸ್‌ಗಾಗಿ ಹೀಗೆ ಕುದ್ದವರು ಇದ್ದಿರಬಹುದು. ಆ ಹೊಟ್ಟೆಕಿಚ್ಚು ಎಂಥದೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಶರಣಮ್ಮ ನಮ್ಮ ಮನೆಗೆ ಬಂದದ್ದು ನೀರಿಗಾಗಿ. ಕ್ವಾರ್ಟರ್ಸಿನ ಕಾಂಪೌಂಡಿನ ಆಚೆ ದೊಡ್ಡದೊಂದು ಕಟ್ಟಡ ಏಳುತ್ತಿತ್ತು. ಅಲ್ಲಿ ಇಟ್ಟಿಗೆ ಹೊರುವ ಹೆಂಗಸರಲ್ಲಿ ಅವಳೊಬ್ಬಳು. ಯಾದಗಿರಿ ಕಡೆಯವಳು, ಅವ್ವನಿಗಿಂತ ಚಿಕ್ಕವಳು. ಹಿತ್ತಲ ನಲ್ಲಿಗೆ ಕೊಡ ಹಿಡಿದಾಗ ಅವ್ವ ನನ್ನನ್ನು ಬೈಯುತ್ತಿದ್ದದ್ದು ಕಿವಿಗೆ ಬಿದ್ದು, 'ಯವ್ವಾ, ಕನ್ನಡದಾಗ ಬೈತೀರಲ್ರಿ! ನಾ ಎರಡ ತಿಂಗಳಾತು ಇಲ್ಲೆ ಗ್ವಾಡಿ ಜೋಡಿ ಮಾತಾಡಕತ್ತೀನಿ' ಎಂದು ಅಲ್ಲೇ ಕುಳಿತುಬಿಟ್ಟಳು. ಅಂದಿನಿಂದ ಕೆಲಸ ಬಿಟ್ಟ ಮೇಲೆ ಏಳು ಗಂಟೆಗೆ ಸರಿಯಾಗಿ ಬಂದು ಹೊಸ್ತಿಲಲ್ಲಿ ಕೂರುವುದು ರೂಢಿಯಾಯಿತು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಪ್ರಪಂಚದ ಸುದ್ದಿ ಅವಳಿಗೆ ತಲುಪುತ್ತಿದ್ದದ್ದು ನಮ್ಮ ಪ್ರಾರ್ಥನೆಯ ಮೂಲಕವೇ. ಪಾಠವನ್ನೂ ಕಿವಿಗೊಟ್ಟು ಕೇಳುತ್ತಿದ್ದಳು, ಆದರೆ ಸುಮ್ಮನೆ ಒಪ್ಪುವವಳಲ್ಲ. ಗಿಳಿಯ ದಿನ ಅಪ್ಪ ನೂರು ಕುರಿಗಳಲ್ಲಿ ತಪ್ಪಿಹೋದ ಒಂದನ್ನು ಕುರುಬ ಹುಡುಕಿಕೊಂಡು ಹೋದ ಯೇಸುವಿನ ಕಥೆಯನ್ನೂ ಹೇಳಿದಾಗ, 'ಅಲ್ರಿ ಅಣ್ಣಾರ, ಒಂದ ಕುರಿ ಹುಡಕ್ಕೋತ ಹ್ವಾದ್ರ ಉಳದ ತೊಂಬತ್ತೊಂಬತ್ತು ಯಾರ ಕಾಯ್ತಾರ? ತೋಳ ಸುಮ್ಮ ಕುಂಡರತದೇನು? ನಿಮ್ಮ ಯೇಸಪ್ಪ ಕುರಿ ಕಾದಾಂವ ಅಲ್ಲ ಬಿಡ್ರಿ' ಎಂದಳು. ಅಪ್ಪ ಕನ್ನಡಕ ಕೆಳಗೆ ಬೀಳುವಷ್ಟು ನಕ್ಕರು. ಅವಳ ಗಂಡ ಹಣಮಂತ ಪುಣೆಯ ಹೊರಗಿನ ಭೋಸರಿಯಲ್ಲಿ ಕಬ್ಬಿಣ ಕರಗಿಸುವ ಯಾವುದೋ ಕಂಪನಿಯಲ್ಲಿದ್ದ. ವಾರವೆಲ್ಲ ಅಲ್ಲೇ ಮಲಗಿ ಎದ್ದು ಭಾನುವಾರ ಮಾತ್ರ ಬರುತ್ತಿದ್ದ. ಬಂದ ದಿನ ಅವಳು ಪ್ರಾರ್ಥನೆಗೆ ಚಕ್ಕರ್ ಹೊಡೆಯುತ್ತಿದ್ದಳು; ಮರುದಿನ ಅವ್ವ ಕಾಡಿಸಿದರೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು.

ಅದೊಂದು ಭಾನುವಾರ ಹಣಮಂತ ಬರಲಿಲ್ಲ. ಸೋಮವಾರ ಸಂಜೆ ಶರಣಮ್ಮ ಹೊಸ್ತಿಲಲ್ಲಿ ಕೂತು ಅದನ್ನೇ ಹೇಳುತ್ತಿದ್ದಳು. 'ಡಬಲ್ ಡ್ಯೂಟಿ ಬಿದ್ದಿರ್ತದ ಬಿಡ' ಎಂದು ಅವ್ವ ಸಮಾಧಾನ ಮಾಡಿದಳು. ಆ ವಾರ ನನ್ನ ಸರದಿ. ಬೆಳಗ್ಗೆಯೇ ನಾನು ಪೇಪರಿನ ಒಳಪುಟದಲ್ಲಿ ಗಿಳಿಯನ್ನು ಮೀರಿಸುವಂಥದ್ದನ್ನು ಕಂಡುಹಿಡಿದಿದ್ದೆ. ಶನಿವಾರ ಭೋಸರಿಯ ಒಂದು ಎರಕದ ಕಾರ್ಖಾನೆಯಲ್ಲಿ ಕುಲುಮೆ ಸಿಡಿದಿತ್ತು, ಪಕ್ಕದಲ್ಲೇ ನಿದ್ದೆ ಹೋಗಿದ್ದ ಮೂವರು ಕೂಲಿಗಳ ಮೇಲೆ ಕಾದ ಲೋಹ ಚೆಲ್ಲಿ ಇಬ್ಬರು ಸತ್ತು ಒಬ್ಬ ಆಸ್ಪತ್ರೆಯಲ್ಲಿದ್ದ, ಹೆಸರು ತಿಳಿದುಬಂದಿಲ್ಲ. ಒಂಬತ್ತು ವರ್ಷದ ನನಗೆ ಸಾವಿನ ಸುದ್ದಿಗೆ ತೂಕ ಹೆಚ್ಚೆಂಬುದು ಗೊತ್ತಿತ್ತು. ಆ ಸುದ್ದಿಯ ಸುತ್ತ ಎರಡೆರಡು ಸಲ ಪೆನ್ಸಿಲ್ ಎಳೆದು ಪಾಠವನ್ನು ಶಾಲೆಗೆ ಹೋಗುವ ದಾರಿಯುದ್ದಕ್ಕೂ ಬಾಯಿಗೆ ತಂದುಕೊಂಡಿದ್ದೆ. ಹಣಮಂತ ಇರುವುದೂ ಭೋಸರಿಯಲ್ಲೇ ಎಂಬುದು ನನಗೂ ಹೊಳೆಯಲಿಲ್ಲ, ಅಪ್ಪನಿಗೂ ಹೊಳೆಯಲಿಲ್ಲ. ಅಪ್ಪನ ಕಣ್ಣಿಗೂ ಆ ಹೊತ್ತಿನಲ್ಲಿ ಅದು ಸುದ್ದಿಯಲ್ಲ, ಪಾಠ. ಇದನ್ನು ನೆನೆದರೆ ಈಗಲೂ ಕೆನ್ನೆಗೆ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅಪ್ಪ ಓದಿ ಮುಗಿಸಿದರು. ಶರಣಮ್ಮ ಏನನ್ನೋ ಹೇಳಲು ಬಾಯಿ ತೆರೆದಿರಬೇಕು, ಆದರೆ ನಾನು ಬಿಡಬೇಕಲ್ಲ! ಎದ್ದು ನಿಂತು, ಕೈ ಕಟ್ಟಿಕೊಂಡು, ಶುರು ಹಚ್ಚಿಕೊಂಡೆ. 'ಅವರು ಮಲಗಿದ್ರು. ಎಚ್ಚರ ಇದ್ದಿದ್ರ ಓಡಿ ಹೋಗ್ತಿದ್ರು. ಹಂಗ ನಾವೂ ಯಾವಾಗ್ಲೂ ಎಚ್ಚರ ಇರಬೇಕು. ದೀಪದಾಗ ಎಣ್ಣಿ ಇಲ್ದ ಮಲಗಿದ ಕನ್ಯೆರಿಗೆ ಬಾಗಲಾ ಮುಚ್ಚಿತು. ಮಲಗಿದವರಿಗೆ ದೇವರು ಬಾಗಲಾ ತಗಿಯೂದಿಲ್ಲ.' ಮದುಮಗನಿಗಾಗಿ ದೀಪ ಹಿಡಿದು ಕಾದ ಹತ್ತು ಕನ್ಯೆಯರ ಆ ಬೈಬಲ್ ಕಥೆಯಲ್ಲಿ ನಿದ್ದೆ ಹೋದದ್ದು ಹತ್ತೂ ಮಂದಿ, ಎಣ್ಣೆ ಇಟ್ಟುಕೊಂಡ ಬುದ್ಧಿವಂತೆಯರೂ ಮಲಗಿದ್ದರು ಎಂಬುದನ್ನು ನಾನು ಗಮನಿಸಿದ್ದು ಎಷ್ಟೋ ವರ್ಷದ ಮೇಲೆ. ಅಂದು ಶಾಭಾಸ್ ಕೇಳಲು ಅಪ್ಪನ ಕಡೆ ತಿರುಗಿದರೆ ಅಪ್ಪ ನನ್ನನ್ನು ನೋಡುತ್ತಿರಲಿಲ್ಲ. ಅವರ ಮುಖ ಸುಣ್ಣದ ಹಾಗೆ ಆಗಿತ್ತು.

'ಎಲ್ಲೆಂದ್ರಿ ಅಣ್ಣಾರ?' ಎಂದಳು ಶರಣಮ್ಮ.

'ಭೋಸರಿಯಾಗ ನೂರಾರು ಕಂಪನಿ ಅವವಾ. ನಿಮ್ಮ ಹಣಮಂತಂದು ಯಾವುದು, ಹೆಸರ ಹೇಳು' ಎಂದರು ಅಪ್ಪ.

'ಹೆಸರ ಗೊತ್ತಿಲ್ರಿ. ಗೇಟಿಗೆ ನೀಲಿ ಬಣ್ಣ ಹಚ್ಯಾರಂತ ಹೇಳಿದ್ದ. ಅದರಾಗ ನೋಡ್ರಿ, ನೀಲಿ ಗೇಟಂತ ಬರದಾರೇನು?'

ಅಪ್ಪ ನಿಜವಾಗಿಯೂ ಪೇಪರನ್ನು ಮತ್ತೊಮ್ಮೆ ನೋಡಿದರು. ಎಂಟು ಸಾಲಿನ ಸುದ್ದಿಯಲ್ಲಿ ಗೇಟಿನ ಬಣ್ಣ ಯಾರು ಬರೆಯುತ್ತಾರೆ! ಶರಣಮ್ಮ ಎದ್ದು ನಿಂತಳು, ಮತ್ತೆ ಕೂತಳು. ಆಮೇಲೆ ನನ್ನ ಕಡೆ ತಿರುಗಿ, ಸಿಟ್ಟೇನೂ ಇಲ್ಲದೆ, ಮಗುವಿಗೆ ತಿಳಿಹೇಳುವ ದನಿಯಲ್ಲಿ ಹೇಳಿದಳು: 'ಅವ್ವಿ, ಶನಿವಾರ ಅವಗ ಎರಡ ಪಾಳಿ ಇರ್ತದವಾ. ಎರಡ ಪಾಳಿ ದುಡದಾಂವ ಹ್ಯಾಂಗ ಎಚ್ಚರ ಇರ್ಬೇಕು?'

ಅಪ್ಪ ಅಂಗಿ ಹಾಕಿಕೊಂಡು ರಿಕ್ಷಾ ತಂದು ಅವಳನ್ನು ಕರೆದುಕೊಂಡು ಹೋದರು. ಅವ್ವ ಚಾಪೆಯ ಮೇಲೆ ಮೊಣಕಾಲೂರಿದಳು, ನಾವೂ ಊರಿದೆವು. ಆ ಮೂವರಲ್ಲಿ ಹಣಮಂತ ಇರಬಾರದು ದೇವರೇ ಎಂದು ನಾನು ಕಣ್ಣು ಬಿಗಿಹಿಡಿದು ಕೇಳಿಕೊಳ್ಳತೊಡಗಿದೆ. ಕೇಳುತ್ತಾ ಕೇಳುತ್ತಾ ಒಂದು ಮಾತು ಹೊಳೆಯಿತು. ಮೂವರು ಎಂದರೆ ಮೂವರೇ. ಹಣಮಂತ ಇಲ್ಲದಿದ್ದರೆ ಅವನ ಜಾಗದಲ್ಲಿ ಇನ್ಯಾರದೋ ಗಂಡ, ಇನ್ಯಾವ ಮನೆಯ ಮಗನೋ ಇರಲೇಬೇಕು. ಹಾಗಿದ್ದರೆ ನಾನು ದೇವರಲ್ಲಿ ಕೇಳುತ್ತಿರುವುದಾದರೂ ಏನು? ಬೇರೆ ಪ್ರಾರ್ಥನೆ ಹುಡುಕಿದೆ, ಸಿಗಲಿಲ್ಲ. ಅವ್ವನನ್ನು ಕೇಳಿದೆ. ಅವಳು ನನ್ನ ತಲೆಯನ್ನು ತನ್ನ ತೊಡೆಗೆ ಒತ್ತಿಕೊಂಡಳು.

ಬೆಳಗ್ಗೆ ಅಪ್ಪ ಬಂದರು. ಆಸ್ಪತ್ರೆಯಲ್ಲಿದ್ದ ಮೂರನೆಯವನೇ ಹಣಮಂತ. ಜೀವ ಇದೆ, ಮಾತಿಲ್ಲ ಎಂದರು. ಅಂದಿನಿಂದ ನಮಗೆ ಕೇಳಿಕೊಳ್ಳಲು ಸರಳವಾದ ಒಂದು ಪ್ರಾರ್ಥನೆ ಸಿಕ್ಕಿತು, ಬದುಕಿಸು ಅಂತ. ಬೆಳಗ್ಗೆ ಕೇಳಿದೆವು, ಸಂಜೆ ಕೇಳಿದೆವು. ನಾನು ಶಾಲೆಯಲ್ಲಿ ಗಣಿತದ ಲೆಕ್ಕ ಬಿಡಿಸುತ್ತಾ ಕೇಳಿದೆ. ಅಪ್ಪ ದಿನವೂ ಪಾಳಿ ಮುಗಿಸಿ ನೇರವಾಗಿ ಆಸ್ಪತ್ರೆಗೆ ಹೋಗುತ್ತಿದ್ದರು, ಅಲ್ಲಿ ಬಾಗಿಲ ಹೊರಗೆ ಶರಣಮ್ಮನ ಜೊತೆ ಬೆಂಚಿನ ಮೇಲೆ ಕೂತು ಬರುತ್ತಿದ್ದರು. ಬೇರೇನು ಮಾಡಲು ಆಗುತ್ತಿತ್ತು? ಗುರುವಾರ ಮಧ್ಯಾಹ್ನ ಹಣಮಂತ ಹೋಗಿಬಿಟ್ಟ. ಮಣ್ಣು ಪುಣೆಯಲ್ಲೇ ಆಯಿತು.

ಶನಿವಾರ ಸಂಜೆ ಶರಣಮ್ಮ ಬಂದಳು. ಮರುದಿನದ ರೈಲಿಗೆ ಊರಿಗೆ ಹೊರಟಿದ್ದಳು. ಅವ್ವ ಎಷ್ಟು ಕರೆದರೂ ಒಳಗೆ ಬರದೆ ಹೊಸ್ತಿಲಲ್ಲೇ ಕೂತಳು. ಚಹಾ ಕೊಟ್ಟರೆ ಹಿಡಿದುಕೊಂಡಳು, ಕುಡಿಯಲಿಲ್ಲ.

'ಅಣ್ಣಾರ, ಒಂದ ಮಾತ ಕೇಳಾಕ ಬಂದೀನ್ರಿ' ಎಂದಳು. 'ನಾ ಹ್ವಾದ ಕೂಡ್ಲೆ ಅತ್ತಿ ಕೇಳ್ತಾಳ, ನನ್ನ ಮಗ ಯಾಕ ಸತ್ತಾ ಅಂತ. ಮುದುಕಿ ಬಿಡಂಗಿಲ್ರಿ. ನಾ ಏನ ಹೇಳ್ಲಿ? ನೀವು ಎಲ್ಲಾದ್ರಾಗೂ ಏನ ಅದ ಅಂತ ತಗದ ಹೇಳ್ತೀರಿ. ಇದರಾಗ ಏನ ಅದ, ಒಂದ ಮಾತ ಹೇಳಿಕೊಡ್ರಿ. ಬಾಯಿಪಾಠ ಮಾಡ್ಕೊಂಡ ಹೊಕ್ಕೀನಿ.'

ಅಪ್ಪ ಬಾಯಿ ತೆರೆದರು. ಎಮ್ಮೆಯಲ್ಲಿ, ನಲ್ಲಿಯಲ್ಲಿ, ಗಿಳಿಯಲ್ಲಿ ದೇವರನ್ನು ಕಂಡವರು ಅವರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. 'ನನಗ ಗೊತ್ತಿಲ್ಲವಾ ಶರಣಮ್ಮ' ಎಂದರು. ಅಪ್ಪ ಆ ಮಾತು ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅವಳು ನಂಬಲಿಲ್ಲ. ನನ್ನ ಕಡೆ ತಿರುಗಿದಳು. 'ನೀನರ ಹೇಳವ್ವಿ' ಎಂದಳು. ಅದರಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು. ನನಗೆ ಗೊತ್ತಿರುತ್ತದೆ ಎಂದು ಆ ಹೆಂಗಸು ನಿಜವಾಗಿಯೂ ನಂಬಿದ್ದಳು. ನಾನು ಅವ್ವನ ಸೆರಗಿನ ಹಿಂದೆ ಸೇರಿಕೊಂಡೆ. ಶರಣಮ್ಮ ಚಹಾವನ್ನು ಹಾಗೇ ಇಟ್ಟು, 'ಬರ್ತೀನ್ರಿ' ಎಂದು ಎದ್ದು ಹೋದಳು.

ಆಮೇಲೆಯೂ ನಮ್ಮಲ್ಲಿ ಪ್ರಾರ್ಥನೆ ನಡೆಯಿತು, ಕೀರ್ತನೆ ಹಾಡಿದೆವು, ಆದರೆ ಪೇಪರು ಚಾಪೆಗೆ ಬರಲಿಲ್ಲ. ಅಪ್ಪ ಅದನ್ನು ಪಡಸಾಲೆಯಲ್ಲಿ ಒಬ್ಬರೇ ಕೂತು ಓದುತ್ತಿದ್ದರು, ಓದಿ ಮಡಿಸಿಡುತ್ತಿದ್ದರು. ಈಗ ಆ ಕ್ವಾರ್ಟರ್ಸು ಇಲ್ಲ, ಪಡಸಾಲೆ ಇಲ್ಲ. ಅಪ್ಪ ಅವ್ವ ಇಬ್ಬರೂ ಖಡಕಿಯ ಸ್ಮಶಾನದಲ್ಲಿ ಅಕ್ಕಪಕ್ಕ ಮಲಗಿದ್ದಾರೆ. ನಾನು ಎಷ್ಟೋ ವರ್ಷ ಸಂಡೇ ಸ್ಕೂಲಿನ ಮಕ್ಕಳಿಗೆ ಪಾಠ ಹೇಳಿದೆ. ಟೀಚರ್ ಎಲ್ಲಿಂದ ಹುಡುಕಿ ತರುತ್ತಾರೋ ಎಂದು ಜನ ಹೊಗಳುತ್ತಾರೆ. ಶರಣಮ್ಮನ ಅತ್ತೆಗೆ ಹೇಳಬಹುದಾದ ಆ ಒಂದು ಮಾತು ಮಾತ್ರ ನನಗೆ ಇಂದಿಗೂ ಸಿಕ್ಕಿಲ್ಲ. ನಂಬಿಕೆ ಹೋಗಿಲ್ಲ, ಮಾತು ಸಿಕ್ಕಿಲ್ಲ, ಎರಡೂ ನಿಜ.

ಅವಳು ಹೋಗಿ ಮೂರು ನಾಲ್ಕು ವಾರವಾಗಿತ್ತು. ಗೊತ್ತಿಲ್ಲ ಎಂದು ಕಳಿಸಿಬಿಟ್ಟೆನಲ್ಲ ಎಂದು ಅಪ್ಪ ಒಳಗೊಳಗೇ ಕೊರಗುತ್ತಿದ್ದರು. 'ಪಾಠ ಬ್ಯಾಡರಿ, ಹೆಂಗಿದ್ದೀ ಅಂತನರ ಒಂದ ಕಾಗದ ಬರೀರಿ, ಯಾರ ಕಡಿಂದರ ಓದಿಸ್ಕೊಂತಾಳ' ಎಂದಳು ಅವ್ವ. ಅಪ್ಪ ಇನ್‌ಲ್ಯಾಂಡ್ ತಂದು ಚಾಪೆಯ ಮೇಲೆ ಕೂತರು. ನಾವೂ ಸುತ್ತ ಕೂತೆವು. ಕಾಗದವನ್ನು ಎರಡೂ ಬದಿ ತುಂಬಿಸಿ ಬರೆದರು. ಮಡಿಸಿ, ಮೇಲೆ 'ಶರಣಮ್ಮ, ಹಣಮಂತನ ಹೆಂಡತಿ' ಎಂದು ಬರೆದು, ಕೆಳಗೆ ಊರಿನ ಹೆಸರು ಬರೆಯಲು ಪೆನ್ನು ಊರಿ, ತಲೆ ಎತ್ತಿ ಅವ್ವನನ್ನು ನೋಡಿದರು. ಅವ್ವ ಪ್ರಭುವನ್ನು ನೋಡಿದಳು. ಪ್ರಭು ನನ್ನನ್ನು ನೋಡಿದ. ಯಾದಗಿರಿ ಕಡೆ ಎಂದಷ್ಟೇ ಗೊತ್ತಿತ್ತು. ಕಾಂಪೌಂಡಿನ ಆಚೆಯ ಕಟ್ಟಡ ಮುಗಿದು ಅಲ್ಲಿದ್ದವರೆಲ್ಲ ಬೇರೆ ಕಡೆ ಹೋಗಿಬಿಟ್ಟಿದ್ದರು. ಒಂದು ವರ್ಷ, ದಿನವೂ ಏಳು ಗಂಟೆಗೆ, ಅವಳು ನಮ್ಮ ಹೊಸ್ತಿಲಲ್ಲಿ ಕೂತು ನಾವು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಿದ್ದಳು. ಅವಳ ಊರು ಯಾವುದೆಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ.